ಹುಟ್ಟಿನಿಂದ ಬಾರದ ಪರಂಪರೆ

ಹುಟ್ಟಿದ ಮಾತ್ರಕ್ಕೆ ಯಾರೂ ಕ್ರೈಸ್ತರಾಗುವುದಿಲ್ಲ ಎಂಬ ಮಾತಿನಿಂದ ಶುರುವಾದ ಪಂಥ ಮೆನ್ನೊನೈಟರದು. 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೊನ್ರಾಡ್ ಗ್ರೇಬೆಲ್, ಫೆಲಿಕ್ಸ್ ಮಾಂಟ್ಸ್, ಗೆಯೋರ್ಗ್ ಬ್ಲೌರಾಕ್ ಮೊದಲಾದವರು ಒಂದೆಡೆ ಸೇರಿ ಹೊಸದಾಗಿ ದೀಕ್ಷಾಸ್ನಾನ ಪಡೆದರು. ಹಸುಗೂಸಾಗಿದ್ದಾಗ ತಲೆಗೆ ಬಿದ್ದ ನೀರಿಗೆ ಅರ್ಥವಿಲ್ಲ, ಬುದ್ಧಿ ಬಲಿತ ಮೇಲೆ ತಾನೇ ಒಪ್ಪಿ ಪಡೆದದ್ದೇ ದೀಕ್ಷೆ ಎಂಬುದು ಅವರ ನಿಲುವು. ಎರಡೇ ವರ್ಷದಲ್ಲಿ ನಗರದ ಆಡಳಿತ ಮಾಂಟ್ಸ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. 1536ರಲ್ಲಿ ನೆದರ್ಲೆಂಡ್ಸಿನ ಮೆನ್ನೊ ಸೈಮನ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ ತನ್ನ ಹುದ್ದೆ ಬಿಟ್ಟು ಈ ಮತವನ್ನು ಸೇರಿದ. ಅನುಯಾಯಿಗಳಿಗೆ ಅವನ ಹೆಸರೇ ನಿಂತಿತು. ಆಯುಧ ಹಿಡಿಯುವುದಿಲ್ಲ, ನ್ಯಾಯಾಲಯದಲ್ಲೂ ಆಣೆಯಿಡುವುದಿಲ್ಲ ಎಂಬುದು ಅವರ ವ್ರತ. ಇಂಥ ಪಂಥದ ಒಂದು ದೊಡ್ಡ ಕವಲು ಇಂದು ತನ್ನನ್ನು ಗುರುತಿಸಿಕೊಳ್ಳುವುದು ಮಾತ್ರ ಹುಟ್ಟಿನಿಂದಲೇ: ಪೆನ್ನರ್, ಫ್ರೀಸನ್, ರೈಮರ್, ವೀಬೆ, ಟೇವ್ಸ್, ಕ್ಲಾಸನ್ ಎಂಬ ಮನೆತನದ ಹೆಸರುಗಳಿಂದ, ಯಾವ ಊರಿನಿಂದ ಯಾವ ಹಡಗಿನಲ್ಲಿ ಬಂದವರೆಂಬ ಲೆಕ್ಕದಿಂದ. ಐದುನೂರು ವರ್ಷ ತುಂಬಿದ ಈ ಹೊತ್ತಿನಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕಿದೆ. ಮೆನ್ನೊನೈಟ್ ಕುಟುಂಬಗಳ ನಿಜವಾದ ಆಸ್ತಿ ರಕ್ತಸಂಬಂಧವಲ್ಲ. ತಲೆಮಾರು ತಲೆಮಾರಿಗೆ ಅವರು ಕೈಗೊಂಡ ನಿರ್ಧಾರಗಳು, ಒಳ್ಳೆಯವೂ ಕೆಟ್ಟವೂ.

ಮನಸ್ಸಾಕ್ಷಿಯ ಮತ ವಂಶದ ಮತವಾದದ್ದು ಹೇಗೆ ಎಂಬುದಕ್ಕೆ ಉತ್ತರ ಅವರ ವಲಸೆಯ ದಾರಿಯಲ್ಲೇ ಸಿಗುತ್ತದೆ. ಕಿರುಕುಳ ತಾಳಲಾರದೆ ಹದಿನಾರನೇ ಶತಮಾನದಲ್ಲಿ ನೆದರ್ಲೆಂಡ್ಸ್ ಬಿಟ್ಟವರು ವಿಸ್ಟುಲಾ ನದಿ ಬಾಲ್ಟಿಕ್ ಸಮುದ್ರ ಸೇರುವಲ್ಲಿ, ಡಾನ್ಸಿಗ್ ನಗರದ ಸುತ್ತಮುತ್ತ ನೆಲೆಸಿದರು. ಒಡ್ಡು ಕಟ್ಟಿ, ಕಾಲುವೆ ತೋಡಿ, ಗಾಳಿಯಂತ್ರದಿಂದ ನೀರು ಹೊರಹಾಕಿ ತಗ್ಗು ನೆಲದಲ್ಲಿ ಬೇಸಾಯ ಮಾಡುವ ವಿದ್ಯೆ ಅವರಿಗೆ ಕರಗತವಾಗಿತ್ತು; ಅಲ್ಲಿನ ಜೌಗು ಭೂಮಿಯ ಒಡೆಯರಿಗೆ ಆ ವಿದ್ಯೆ ಬೇಕಿತ್ತು. ನಿಮ್ಮ ನೆಲವನ್ನು ನಾವು ಹಸನು ಮಾಡುತ್ತೇವೆ, ನಮ್ಮನ್ನು ನಮ್ಮ ಪಾಡಿಗೆ ಬಿಡಿ ಎಂಬ ಒಪ್ಪಂದದ ಮಾದರಿ ಬೇರುಬಿಟ್ಟದ್ದು ಅಲ್ಲಿ. 1772ರಲ್ಲಿ ಪೋಲೆಂಡಿನ ವಿಭಜನೆಯಾದಾಗ ಈ ಪ್ರದೇಶದ ಬಹುಭಾಗ ಪ್ರಷ್ಯದ ಪಾಲಾಯಿತು. ದೊರೆ ಎರಡನೇ ಫ್ರೆಡರಿಕ್ ಮೆನ್ನೊನೈಟರನ್ನು ಸೈನ್ಯಕ್ಕೆ ಎಳೆಯಲಿಲ್ಲ. ಬದಲಿಗೆ ವರ್ಷಕ್ಕೆ 5,000 ಥಾಲರ್ ಗೊತ್ತುಮಾಡಿದ. ಆ ಹಣ ಸಂದಾಯವಾದದ್ದು ಕುಲ್ಮ್ ಎಂಬಲ್ಲಿನ ಸೈನಿಕ ಶಾಲೆಗೆ. ತಾವು ಕತ್ತಿ ಹಿಡಿಯದಿರಲು ಬೇರೆಯವರ ಮಕ್ಕಳಿಗೆ ಕತ್ತಿವರಸೆ ಕಲಿಸುವ ಶಾಲೆಗೆ ಹಣ ತೆರುವುದನ್ನು ಅವರು ಒಪ್ಪಿಕೊಂಡರು. ಜಮೀನಿನೊಡನೆ ಸೇನಾ ಹೊಣೆ ಹೊಂದಿಕೊಂಡಿದ್ದ ಆ ನಾಡಿನಲ್ಲಿ 1789ರ ರಾಜಾಜ್ಞೆ ಅವರ ಹೊಸ ಭೂಖರೀದಿಗೆ ಕಡಿವಾಣ ಹಾಕಿತು. ಬೆಳೆಯುತ್ತಿದ್ದ ಮಕ್ಕಳಿಗೆ ಹೊಲವಿಲ್ಲದಾಯಿತು.

ಅದೇ ಹೊತ್ತಿಗೆ ರಷ್ಯದ ರಾಣಿ ಎರಡನೇ ಕ್ಯಾಥರೀನ್ ದಕ್ಷಿಣದ ಹುಲ್ಲುಗಾವಲಿಗೆ, ಇಂದಿನ ಉಕ್ರೇನಿಗೆ, ಒಕ್ಕಲಿಗರನ್ನು ಕರೆಯುತ್ತಿದ್ದಳು. 1789ರಲ್ಲಿ ಖೋರ್ಟಿತ್ಸ, 1804ರಲ್ಲಿ ಮೊಲೋಚ್ನ ವಸಾಹತುಗಳು ನೆಲೆಗೊಂಡವು. 1800ರಲ್ಲಿ ಚಕ್ರವರ್ತಿ ಪಾಲ್ ಒಂದು ಸನ್ನದನ್ನೇ ಬರೆದುಕೊಟ್ಟ: ಸೈನ್ಯದಿಂದ ವಿನಾಯಿತಿ, ಸ್ವಂತ ಶಾಲೆ, ಸ್ವಂತ ಆಡಳಿತ, ಆಣೆಯಿಡದಿರುವ ಹಕ್ಕು. ಆದರೆ ಕ್ಯಾಥರೀನಳ 1763ರ ಘೋಷಣೆಯಲ್ಲೇ ಒಂದು ಷರತ್ತಿತ್ತು. ಬಂದು ನೆಲೆಸುವವರು ತಮ್ಮ ಮತವನ್ನು ಪಾಲಿಸಬಹುದು, ರಷ್ಯದ ಇತರ ಕ್ರೈಸ್ತರನ್ನು ತಮ್ಮ ಮತಕ್ಕೆ ಸೇರಿಸಿಕೊಳ್ಳುವಂತಿಲ್ಲ. ನನ್ನ ವಾದದ ಮುಖ್ಯ ಸಾಕ್ಷ್ಯ ಈ ಷರತ್ತೇ. ಹೊರಗಿನವರಿಗೆ ಬಾಗಿಲು ಮುಚ್ಚಿದ ಮೇಲೆ ಸಭೆ ಬೆಳೆಯಲು ಉಳಿದ ದಾರಿ ಒಂದೇ, ಸ್ವಂತ ಮಕ್ಕಳು. ಪ್ಲಾಟ್‌ಡೀಚ್ ಎಂಬ ಕೆಳನಾಡಿನ ಜರ್ಮನ್ ಮನೆಮಾತು, ಒಳಗೊಳಗೇ ಮದುವೆ, ಕೈಬೆರಳಲ್ಲಿ ಎಣಿಸಬಹುದಾದ ಮನೆತನದ ಹೆಸರುಗಳು, ಇವೆಲ್ಲ ಗಟ್ಟಿಯಾದದ್ದು ಈ ವ್ಯವಸ್ಥೆಯಲ್ಲಿ. ದೀಕ್ಷಾಸ್ನಾನ ವಯಸ್ಕರಿಗೇ ನಡೆಯುತ್ತಿತ್ತು, ಆದರೆ ಅದು ಬಹುಮಟ್ಟಿಗೆ ಮದುವೆಗೆ ಮುಂಚಿನ ವಾಡಿಕೆಯಾಯಿತು. ಒಂದೇ ಬಳಗ ಎಂಬ ಮಾತೂ ನೆಲದ ಪ್ರಶ್ನೆ ಬಂದಾಗ ನಿಲ್ಲಲಿಲ್ಲ: 1860ರ ದಶಕದ ಹೊತ್ತಿಗೆ ಮೊಲೋಚ್ನದ ಮೂರರಲ್ಲಿ ಎರಡು ಪಾಲಿನಷ್ಟು ಕುಟುಂಬಗಳಿಗೆ ಹೊಲವಿರಲಿಲ್ಲ. ಹೊಲವಿಲ್ಲದವರಿಗೆ ಊರಿನ ತೀರ್ಮಾನಗಳಲ್ಲಿ ಮತವೂ ಇರಲಿಲ್ಲ.

1870ರ ದಶಕದಲ್ಲಿ ರಷ್ಯ ಎಲ್ಲರಿಗೂ ಸೈನ್ಯಸೇವೆ ಕಡ್ಡಾಯ ಮಾಡಲು ಹೊರಟಾಗ ಸುಮಾರು 18,000 ಮಂದಿ, ಅಂದರೆ ಮೂರರಲ್ಲಿ ಒಂದು ಪಾಲು, ಅಮೆರಿಕದ ಕಾನ್ಸಸ್, ನೆಬ್ರಾಸ್ಕ ಮತ್ತು ಕೆನಡಾದ ಮ್ಯಾನಿಟೋಬ ಕಡೆಗೆ ಹೊರಟರು. ಉಳಿದವರು ಸೈನ್ಯದ ಬದಲು ಸರ್ಕಾರಿ ಅರಣ್ಯಗಳಲ್ಲಿ ಗಿಡ ನೆಡುವ ಸೇವೆಗೆ ಒಪ್ಪಿ ಅಲ್ಲೇ ನಿಂತರು. 1916ರಲ್ಲಿ ಮ್ಯಾನಿಟೋಬ ದ್ವಿಭಾಷಾ ಶಾಲೆಗಳನ್ನು ರದ್ದು ಮಾಡಿ ಇಂಗ್ಲಿಷನ್ನು ಕಡ್ಡಾಯ ಮಾಡಿತು. ಅದನ್ನು ಒಪ್ಪದೆ 1922ರಿಂದ ಸುಮಾರು 7,000 ಮಂದಿ ಮೆಕ್ಸಿಕೊಗೆ ಹೋದರು, ಮತ್ತೆ ಕೆಲವರು ಪರಾಗ್ವೆಯ ಚಾಕೊ ಬಯಲಿಗೆ ನಡೆದರು. ಅಲ್ಲೂ ಮೊದಲೇ ಸನ್ನದು ಬರೆಸಿಕೊಂಡೇ ಹೋದರು. ಒಂದೇ ಮನೆಯ ಅಣ್ಣ ಹೊರಟ, ತಮ್ಮ ನಿಂತ; ಒಬ್ಬನಿಗೆ ಶಾಲೆಯ ಭಾಷೆ ಪ್ರಾಣಕ್ಕಿಂತ ಹೆಚ್ಚಾಯಿತು, ಇನ್ನೊಬ್ಬನಿಗೆ ಅದು ಒಗ್ಗಿಕೊಳ್ಳಬಹುದಾದ ಸಂಗತಿ. ಇಬ್ಬರ ರಕ್ತವೂ ಒಂದೇ, ಇಬ್ಬರ ಮೊಮ್ಮಕ್ಕಳ ಬದುಕು ಬೇರೆ ಬೇರೆ. ಇದನ್ನು ವಂಶಾವಳಿಯ ರೇಖೆಗಳು ತೋರಿಸಲಾರವು, ನಿರ್ಧಾರಗಳ ಚರಿತ್ರೆ ತೋರಿಸುತ್ತದೆ.

ರಕ್ತದ ಗುರುತು ಎಷ್ಟು ಸಡಿಲ ಎಂಬುದನ್ನು ಇಪ್ಪತ್ತನೇ ಶತಮಾನ ಇನ್ನೂ ಕಟುವಾಗಿ ತೋರಿಸಿತು. ನಾಜಿಗಳು ಮೆನ್ನೊನೈಟರನ್ನು ಬೆರಕೆಯಿಲ್ಲದ ಜರ್ಮನರೆಂದು ಹೊಗಳಿದರು. ಸಭೆಗಳ ಹಳೆಯ ಜನನ ಮರಣ ದಾಖಲೆಗಳು ಆರ್ಯ ವಂಶದ ಪುರಾವೆಗೆ ಬಳಕೆಯಾದವು. 1941ರಲ್ಲಿ ಸ್ಟಾಲಿನ್ ಸರ್ಕಾರ ಇದೇ ಜನರಲ್ಲಿ ಸಾವಿರಾರು ಮಂದಿಯನ್ನು ಜರ್ಮನರೆಂಬ ಕಾರಣಕ್ಕೆ ಕಜಾಕಸ್ತಾನಕ್ಕೂ ಸೈಬೀರಿಯಕ್ಕೂ ಗಡೀಪಾರು ಮಾಡಿತು. 1943ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆಯ ಜೊತೆ ಉಕ್ರೇನಿನಿಂದ ಪಶ್ಚಿಮಕ್ಕೆ ಹೊರಟ ಸುಮಾರು 35,000 ಮಂದಿಯಲ್ಲಿ ಬಹುಪಾಲು ಜನರನ್ನು ಯುದ್ಧದ ನಂತರ ಸೋವಿಯತ್ ಆಡಳಿತ ಹಿಂದಕ್ಕೆ ಎಳೆದೊಯ್ದಿತು. ತಪ್ಪಿಸಿಕೊಂಡ ಸುಮಾರು 12,000 ಮಂದಿಯನ್ನು ಕೆನಡಾ, ಪರಾಗ್ವೆಗಳಿಗೆ ಸಾಗಿಸಲು ನೆರವಾದದ್ದು 1920ರಲ್ಲಿ ಹುಟ್ಟಿದ ಮೆನ್ನೊನೈಟ್ ಸೆಂಟ್ರಲ್ ಕಮಿಟಿ ಎಂಬ ಪರಿಹಾರ ಸಂಸ್ಥೆ. ಆಗ ಅದು ಮುಂದಿಟ್ಟ ವಾದವೇನೆಂದರೆ, ಇವರು ಮೂಲತಃ ಜರ್ಮನರಲ್ಲ, ಡಚ್ಚರು. ಹತ್ತು ವರ್ಷದೊಳಗೆ ಒಂದೇ ಕುಟುಂಬ ಅಪ್ಪಟ ಜರ್ಮನ್ನೂ ಆಯಿತು, ಮೂಲ ಡಚ್ಚೂ ಆಯಿತು. ಬದಲಾದದ್ದು ರಕ್ತವಲ್ಲ, ಕಾಗದ ಕೇಳುತ್ತಿದ್ದ ಅಧಿಕಾರಿ. ಹೀಗೆ ಪರಿಸ್ಥಿತಿಗೆ ತಕ್ಕಂತೆ ತಿರುಗಿಸಬಹುದಾದ ಗುರುತಿನ ಮೇಲೆ ಒಂದು ಪರಂಪರೆಯ ಭಾರವನ್ನೆಲ್ಲ ಹೊರಿಸಲಾಗದು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಭಾಷೆ, ಮದುವೆ, ಪ್ರತ್ಯೇಕ ಊರು ಎಂಬ ಬೇಲಿ ಇಲ್ಲದಿದ್ದರೆ ಈ ಸಣ್ಣ ಸಮುದಾಯ ಎಂದೋ ಕರಗಿಹೋಗುತ್ತಿತ್ತು; ಶಾಂತಿವ್ರತ ಐದು ಶತಮಾನ ಉಳಿದದ್ದೇ ಬೇಲಿಯಿಂದ ಎಂದು ಹಲವರು ಹೇಳುತ್ತಾರೆ. ಇದರಲ್ಲಿ ಸತ್ಯಾಂಶವಿದೆ. ಪ್ಲಾಟ್‌ಡೀಚ್ ಇವತ್ತಿಗೂ ಮೆಕ್ಸಿಕೊದಲ್ಲೂ ಬೊಲಿವಿಯದಲ್ಲೂ ಕಿವಿಗೆ ಬೀಳುತ್ತಿದ್ದರೆ ಅದು ಬೇಲಿಯ ಪುಣ್ಯ. ಆದರೆ ಬೇಲಿ ಕಾಪಾಡಿದ್ದು ಜನರನ್ನೂ ಮಾತನ್ನೂ. ವ್ರತವನ್ನು ಕಾಪಾಡಿತೆಂದು ಹೇಳಲು ಚರಿತ್ರೆ ಬಿಡುವುದಿಲ್ಲ. ರಷ್ಯದ ಅಂತರ್ಯುದ್ಧದಲ್ಲಿ ದರೋಡೆ, ಕೊಲೆಗಳಿಗೆ ತತ್ತರಿಸಿದ ಮೊಲೋಚ್ನದ ತರುಣರು 1918–19ರಲ್ಲಿ ಆತ್ಮರಕ್ಷಣಾ ದಳ ಕಟ್ಟಿ ಬಂದೂಕು ಹಿಡಿದರು. ಅವರ ಭಯ ಅರ್ಥವಾಗುವಂಥದು. ಆದರೂ ನೂರಕ್ಕೂ ಹೆಚ್ಚು ವರ್ಷ ಬೇಲಿಯೊಳಗೆ ಬೆಳೆದ ಜನ ಅವರು ಎಂಬುದನ್ನು ಮರೆಯುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ಕೆಲವರು ನಾಜಿ ಆಡಳಿತದ ಕೆಲಸಕ್ಕೆ ಸೇರಿದರು, ಯೆಹೂದ್ಯರ ಹತ್ಯೆ ನಡೆದ ನೆಲದಲ್ಲೇ ಅಧಿಕಾರ ನಡೆಸಿದರು. ಬೊಲಿವಿಯದ ಮ್ಯಾನಿಟೋಬ ಕಾಲೊನಿಯಲ್ಲಿ ನೂರಕ್ಕೂ ಹೆಚ್ಚು ಹೆಂಗಸರು, ಹುಡುಗಿಯರ ಮೇಲೆ ಮದ್ದು ಸಿಂಪಡಿಸಿ ನಡೆಸಿದ ಅತ್ಯಾಚಾರಗಳು 2009ರಲ್ಲಿ ಬಯಲಾಗಿ, 2011ರಲ್ಲಿ ಅಪರಾಧಿಗಳಿಗೆ ಶಿಕ್ಷೆಯಾಯಿತು. ಮಿರಿಯಂ ಟೇವ್ಸ್ ಅವರ ‘ವಿಮೆನ್ ಟಾಕಿಂಗ್’ ಕಾದಂಬರಿಗೆ ಪ್ರೇರಣೆ ಈ ಘಟನೆಯೇ. ಹೊರನಾಡಿನ ಭಾಷೆ ಕಲಿಯದಂತೆ ಬೆಳೆಸಿದ ಹೆಂಗಸರು ತಮಗಾದ ಅನ್ಯಾಯವನ್ನು ಹೊರಗಿನವರಿಗೆ ಹೇಳಲೂ ಪರದಾಡಬೇಕಾದಲ್ಲಿ ಬೇಲಿ ಕಾದದ್ದು ಯಾರನ್ನು ಎಂದು ಕೇಳಲೇಬೇಕು.

ಎರಡನೆಯ ಆಕ್ಷೇಪ ಭಾವನೆಯದು. ನೀರಿಗೆ ಬಲಿಯಾದವರ, ಬೆಂಕಿಗೆ ಬಲಿಯಾದವರ, ಗಡೀಪಾರಾದವರ, ಬರಗಾಲದಲ್ಲಿ ಸತ್ತವರ ಮೊಮ್ಮಕ್ಕಳ ಮುಂದೆ ಲೆಕ್ಕಪತ್ರ ಇಡುವುದು ಸರಿಯೇ? ನೊಂದವರ ನೆನಪಿಗೆ ಗೌರವ ಸಲ್ಲಲೇಬೇಕು. ಆದರೆ ಆ ಕುಟುಂಬಗಳ ವಲಸೆಯಲ್ಲಿ ಎರಡು ಬದಿಗಳಿವೆ. ಮೊಲೋಚ್ನದ ನೆಲ ನೊಗಾಯ್ ಅಲೆಮಾರಿಗಳ ಕುರಿದನ ಮೇಯುತ್ತಿದ್ದ ಬಯಲು. ಮ್ಯಾನಿಟೋಬದ ಮೆನ್ನೊನೈಟ್ ಹಳ್ಳಿಗಳು ಎದ್ದದ್ದು ಮೂಲನಿವಾಸಿಗಳೊಡನೆ 1871ರಲ್ಲಿ ಆದ ಒಡಂಬಡಿಕೆಯ ಬೆನ್ನಿಗೇ. ಚಾಕೊ ಬಯಲಿನಲ್ಲಿ ಅವರಿಗಿಂತ ಮುಂಚೆ ಎನ್‌ಲ್ಹೆಟ್ ಜನ ಬದುಕುತ್ತಿದ್ದರು. ಆಮೇಲೆ ಆ ಜನರೇ ಮೆನ್ನೊನೈಟರ ಹೊಲಗಳಲ್ಲಿ ಕೂಲಿಯಾಳುಗಳಾದರು. ಖಾಲಿ ನೆಲ ಎಂದು ಸರ್ಕಾರ ಹೇಳಿದ್ದನ್ನು ದಣಿದು ಬಂದವರು ನಂಬಿದರು, ಅದು ಖಾಲಿಯಾಗಿರಲಿಲ್ಲ. ಒಕ್ಕಲೆಬ್ಬಿಸಲ್ಪಟ್ಟವರಿಗೆ ಒಕ್ಕಲೆಬ್ಬಿಸುವುದರ ಸಂಕಟ ಎಲ್ಲರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಆ ತಿಳಿವನ್ನು ಮೊಮ್ಮಕ್ಕಳ ಕೈಗೆ ದಾಟಿಸದೆ ನೋವನ್ನು ಮಾತ್ರ ದಾಟಿಸಿದರೆ, ಮುಂದಿನ ತಲೆಮಾರು ತನ್ನನ್ನು ಸದಾ ಸಂತ್ರಸ್ತನೆಂದೇ ಭಾವಿಸುತ್ತದೆ. ತನ್ನ ಹಿರಿಯರಿಂದ ಸಂತ್ರಸ್ತರಾದವರು ಅದರ ಕಣ್ಣಿಗೆ ಬೀಳುವುದಿಲ್ಲ.

ರಕ್ತದ ನಂಟಿಲ್ಲದೆಯೂ ಈ ಪರಂಪರೆ ದಾಟಬಲ್ಲದು ಎಂಬುದಕ್ಕೆ ದೂರದ ಸಾಕ್ಷಿ ಬೇಕಿಲ್ಲ. 1890ರ ದಶಕದ ಕೊನೆಯ ಭೀಕರ ಬರಗಾಲದ ಸುದ್ದಿ ಕೇಳಿ ಅಮೆರಿಕದ ಮೆನ್ನೊನೈಟರು ಭಾರತಕ್ಕೆ ಧಾನ್ಯ ಕಳಿಸಿದರು. 1899ರಲ್ಲಿ ಈಗ ಛತ್ತೀಸಗಡದಲ್ಲಿರುವ ಧಮ್ತರಿಯಲ್ಲಿ ಅವರ ಮಿಷನ್ ನೆಲೆಯಾಯಿತು. ಅದಕ್ಕೂ ಮುಂಚೆ, ರಷ್ಯದ ವಸಾಹತುಗಳಿಂದ ಬಂದ ಅಬ್ರಹಾಂ ಫ್ರೀಸನ್ ನಿಜಾಮರ ಹೈದರಾಬಾದ್ ರಾಜ್ಯದ ನಲ್ಗೊಂಡದಲ್ಲಿ ಕೆಲಸ ಶುರುಮಾಡಿದ್ದರು. ಅಮೆರಿಕದ ಮೆನ್ನೊನೈಟ್ ಬ್ರದರನ್ ಸಭೆಯವರು ರಾಯಚೂರಿಗೆ ನೆರೆಯ ಮಹಬೂಬನಗರ ಸೀಮೆಯಲ್ಲಿ ಊರೂರಿಗೆ ಹೋದರು. ಜಡ್ಚರ್ಲದ ಅವರ ಆಸ್ಪತ್ರೆ ಆ ಭಾಗದಲ್ಲಿ ಚಿರಪರಿಚಿತ. ಇಲ್ಲಿನ ಸಭೆಗಳ ತೆಲುಗು ಸದಸ್ಯರಿಗೆ ವಿಸ್ಟುಲಾ ನದಿಯೂ ಇಲ್ಲ, ಖೋರ್ಟಿತ್ಸವೂ ಇಲ್ಲ. ಇಥಿಯೋಪಿಯದ ಮೆಸೆರೆಟೆ ಕ್ರಿಸ್ಟೋಸ್ ಎಂಬ ಮೆನ್ನೊನೈಟ್ ಸಭೆಯನ್ನು 1982ರಲ್ಲಿ ಅಲ್ಲಿನ ಮಿಲಿಟರಿ ಸರ್ಕಾರ ಮುಚ್ಚಿಸಿತು. ಸದಸ್ಯರು ಸಾಮೂಹಿಕವಾಗಿ ದೇಶ ಬಿಡಲಿಲ್ಲ, ಮನೆಗಳಲ್ಲಿ ಗುಟ್ಟಾಗಿ ಸೇರಿದರು. ಸುಮಾರು 5,000 ಇದ್ದ ಸಂಖ್ಯೆ 1991ರ ಹೊತ್ತಿಗೆ 30,000 ದಾಟಿತ್ತು. ಇಂದು ಜಗತ್ತಿನ ಸುಮಾರು 21 ಲಕ್ಷ ದೀಕ್ಷಿತ ಸದಸ್ಯರಲ್ಲಿ ಬಹುಪಾಲು ಆಫ್ರಿಕ, ಏಷ್ಯ, ಲ್ಯಾಟಿನ್ ಅಮೆರಿಕದವರು. 1525ರ ಜ್ಯೂರಿಕ್‌ಗೆ ಹತ್ತಿರವಿರುವವರು ಯಾರು? ಒಪ್ಪಿ ದೀಕ್ಷೆ ಪಡೆದ ಆಡಿಸ್ ಅಬಾಬದ ತರುಣಿಯೋ, ಸಭೆಗೆ ಹೋಗದಿದ್ದರೂ ತಾತನ ಹೆಸರಿನ ಬಲದಿಂದ ಮೆನ್ನೊನೈಟ್ ಎನಿಸಿಕೊಳ್ಳುವವನೋ? ಮೊದಲ ತಲೆಮಾರಿನವರನ್ನೇ ಕೇಳಿದ್ದರೆ ಅವರ ಉತ್ತರದಲ್ಲಿ ಸಂಶಯವಿರುತ್ತಿರಲಿಲ್ಲ.

ಹಾಗೆಂದು ಕುಟುಂಬ ಚರಿತ್ರೆ ಬರೆಯುವುದು ವ್ಯರ್ಥವೇನಲ್ಲ. ಕ್ಯಾಲಿಫೋರ್ನಿಯದ ಮೆನ್ನೊನೈಟ್ ಇತಿಹಾಸ ಸಂಘ ನಡೆಸುವ ‘ಗ್ರ್ಯಾಂಡ್ಮಾ’ ಎಂಬ ವಂಶಾವಳಿ ಕೋಶದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಹೆಸರುಗಳಿವೆ. ಸ್ಟಾಲಿನ್ ಕಾಲದಲ್ಲಿ ಚದುರಿದ ಬಂಧುಗಳನ್ನು ಹುಡುಕುವವರಿಗೆ ಇಂಥ ದಾಖಲೆಗಳು ದಾರಿದೀಪ. ನನ್ನ ಒತ್ತಾಯ ಆ ದಾಖಲೆಗಳ ಪಕ್ಕದಲ್ಲಿ ಇನ್ನೊಂದು ದಾಖಲೆ ಇರಲಿ ಎಂಬುದಷ್ಟೇ. ಹುಟ್ಟಿದ್ದು ಎಲ್ಲಿ, ಮದುವೆ ಯಾವಾಗ, ಸತ್ತದ್ದು ಎಲ್ಲಿ ಎಂಬುದರ ಜೊತೆಗೆ ಹೊರಟದ್ದು ಏಕೆ, ಸನ್ನದಿಗೆ ತೆತ್ತ ಬೆಲೆಯೇನು, ಹೋಗಿ ನಿಂತ ನೆಲ ಮುಂಚೆ ಯಾರದಾಗಿತ್ತು, ಬಂದೂಕು ಎದುರಾದಾಗ ಏನು ಮಾಡಿದರು ಎಂಬುದನ್ನೂ ಬರೆಯಲಿ. 1660ರಲ್ಲಿ ಪ್ರಕಟವಾದ ‘ಹುತಾತ್ಮರ ಕನ್ನಡಿ’ ಎಂಬ ಅವರ ದೊಡ್ಡ ಗ್ರಂಥದಲ್ಲಿ ಡಿರ್ಕ್ ವಿಲೆಮ್ಸ್ ಎಂಬಾತನ ಪ್ರಸಂಗವಿದೆ. ಹಿಡಿಯಲು ಅಟ್ಟಿಸಿಕೊಂಡು ಬಂದವನು ಹಿಮಗಡ್ಡೆ ಒಡೆದು ನೀರಿಗೆ ಬಿದ್ದಾಗ ಡಿರ್ಕ್ ಹಿಂದಿರುಗಿ ಅವನನ್ನು ಮೇಲೆತ್ತಿದ, ಅದರಿಂದಲೇ ಸಿಕ್ಕಿಬಿದ್ದು 1569ರಲ್ಲಿ ಬೆಂಕಿಗೆ ಬಲಿಯಾದ. ನಾಲ್ಕೂವರೆ ಶತಮಾನದಿಂದ ಈ ಪ್ರಸಂಗ ಉಳಿದದ್ದು ಅವನ ವಂಶಜರು ಯಾರೆಂಬ ಕುತೂಹಲದಿಂದಲ್ಲ, ಅವನು ಹಿಂದಿರುಗಿದ ಎಂಬ ಕಾರಣಕ್ಕೆ. ಮನೆತನದ ಚರಿತ್ರೆ ಬರೆಯಲು ಕೂತ ಯಾವ ಸಮುದಾಯದವರೇ ಆಗಲಿ, ಹಿರಿಯರ ಹೆಸರುಗಳಿಗೆ ಕೊಡುವಷ್ಟೇ ಜಾಗವನ್ನು ಅವರ ನಿರ್ಧಾರಗಳಿಗೂ ಕೊಡಲಿ. ಹೆಸರು ತಾನಾಗಿ ದಾಟುತ್ತದೆ. ಒಳ್ಳೆಯ ನಿರ್ಧಾರವನ್ನು ಪ್ರತಿ ತಲೆಮಾರೂ ಹೊಸದಾಗಿ ಕೈಗೊಳ್ಳಬೇಕು.