ಎಣ್ಣೆ ಜಾಸ್ತಿಯಾದರೆ ನಷ್ಟವೇನು ಎನ್ನುವವರಿಗೆ

ಹುಲ್ಲು ಹೊಡೆಯುವ ಮಿಷನ್ನಿನ ಪೆಟ್ರೋಲಿಗೆ 2ಟಿ ಆಯಿಲ್ ಅಳೆದು ಹಾಕಿ ಎಂದರೆ ಅಡಿಕೆ ಸೀಮೆಯಲ್ಲಿ ನಾಲ್ಕು ಕಡೆಯಿಂದ ಆಕ್ಷೇಪ ಬರುತ್ತದೆ. ಇವುಗಳನ್ನು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಇವೇ ಪ್ರತಿ ಮಳೆಗಾಲದಲ್ಲೂ ಪಿಸ್ಟನ್ನುಗಳನ್ನು ಬಲಿ ತೆಗೆದುಕೊಳ್ಳುತ್ತಿವೆ. ಹಾಗಾಗಿ ಸುಮ್ಮನಿರಲಾರೆ.

ಅಳತೆಯೆಲ್ಲ ಕಂಪನಿಯವರು ತಮ್ಮ ಎಣ್ಣೆ ಮಾರಲು ಹೂಡಿದ ಉಪಾಯ ಎನ್ನುತ್ತಾರೆ. ಹಾಗಾದರೆ ಅವರದೇ ಕೈಪಿಡಿ ತೆರೆದು ನೋಡಿ. ತಮ್ಮ ಎಣ್ಣೆಯಾದರೆ 50ಕ್ಕೆ 1, ಬೇರೆಯವರ 2ಟಿ ಆಯಿಲ್ ಆದರೆ 25ಕ್ಕೆ 1 ಎಂದು ಸ್ಟಿಲ್ ಬರೆಯುತ್ತದೆ. ಹಸ್ಕ್‌ವಾರ್ನಾ ಬೇರೆ ಎಣ್ಣೆಗೆ 33ಕ್ಕೆ 1 ಎನ್ನುತ್ತದೆ. ಅಂದರೆ ಬೇರೆಯವರ ಎಣ್ಣೆ ಬಳಸುವ ದಾರಿಯನ್ನು ಅವರೇ ತೋರಿಸಿದ್ದಾರೆ. ಲೆಕ್ಕವೂ ಕಷ್ಟದ್ದಲ್ಲ: ಲೀಟರ್ ಪೆಟ್ರೋಲಿಗೆ 50:1 ಅಂದರೆ 20 ಮಿ.ಲೀ., 33:1 ಅಂದರೆ ಸುಮಾರು 30, 25:1 ಅಂದರೆ 40. ಔಷಧಿ ಅಂಗಡಿಯ ಸೂಜಿಯಿಲ್ಲದ ಸಿರಿಂಜ್ ಸಾಕು.

ಎಣ್ಣೆ ಎಣ್ಣೆಯೇ, ಯಾವುದಾದರೇನು ಎಂಬುದು ಇನ್ನೊಂದು ವಾದ. ಬೈಕಿನ ಎಂಜಿನ್ ಆಯಿಲ್ ಉರಿದುಹೋಗಲೆಂದು ಮಾಡಿದ್ದಲ್ಲ. ಅದರಲ್ಲಿರುವ ಲೋಹದ ಅಂಶಗಳು ಪಿಸ್ಟನ್ನಿನ ತಲೆಯ ಮೇಲೆ ಬೂದಿಯಾಗಿ ಕೂರುತ್ತವೆ. ದೋಣಿಯ ಎಂಜಿನ್ನಿಗೆಂದು ಬರುವ ಟಿಸಿ-ಡಬ್ಲ್ಯು3 ಎಣ್ಣೆ ನೀರಿನಿಂದ ತಣಿಯುವ ಎಂಜಿನ್ನಿಗೆ ಹೊಂದುವಂಥದ್ದು. ಗಾಳಿಯಿಂದಷ್ಟೇ ತಣಿಯುವ ನಮ್ಮ ಮಿಷನ್ನಿನ ಕಾವಿಗೆ ಅದು ತಕ್ಕದ್ದಲ್ಲ. ಡಬ್ಬದ ಮೇಲೆ ಜಾಸೊ ಎಫ್‌ಡಿ ಎಂದಿದೆಯೇ ನೋಡಿ. ಲೀಟರಿಗೆ ಐನೂರು ರೂಪಾಯಿ ಎಂದಿಟ್ಟುಕೊಂಡರೂ 20 ಮಿ.ಲೀ.ಗೆ ಬೀಳುವುದು ಹತ್ತು ರೂಪಾಯಿ. ಬೋರು, ಪಿಸ್ಟನ್ ಬದಲಾಯಿಸಿದವರಿಗೆ ಇದರ ಅಂತರ ನಾನು ಹೇಳಬೇಕಿಲ್ಲ.

“ಲೂನಾಕ್ಕೆ ಕಣ್ಣಂದಾಜಿನಲ್ಲೇ ಸುರಿದೆವು, ಏನೂ ಆಗಲಿಲ್ಲ” ಎನ್ನುವ ಹಿರಿಯರಿಗೆ ಒಂದೇ ಮಾತು: ಲೂನಾ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುತ್ತಿರಲಿಲ್ಲ. ಹುಲ್ಲು ಹೊಡೆಯುವ ಮಿಷನ್ ತಿರುಗುತ್ತದೆ, ಅದೂ ಗಂಟೆಗಟ್ಟಲೆ ಪೂರ್ತಿ ಎಕ್ಸಲರೇಟರಿನಲ್ಲಿ.

ಈಗ ಎಲ್ಲಕ್ಕಿಂತ ಗಟ್ಟಿಯಾದ ವಾದಕ್ಕೆ ಬರೋಣ. “ಎಣ್ಣೆ ಸ್ವಲ್ಪ ಜಾಸ್ತಿ ಹಾಕಿ, ಎಂಜಿನ್ ಉಳಿಯುತ್ತದೆ.” ಇದರಲ್ಲಿ ಅರ್ಧ ಸತ್ಯವಿದೆ. ಟೂ ಸ್ಟ್ರೋಕಿನಲ್ಲಿ ಬೇರೆ ಎಣ್ಣೆ ತೊಟ್ಟಿ ಇಲ್ಲ. ಬೇರಿಂಗಿಗೂ ಪಿಸ್ಟನ್ನಿಗೂ ಜಿಡ್ಡು ಸಿಗುವುದು ಪೆಟ್ರೋಲಿನ ಜೊತೆ ಬರುವ ಎಣ್ಣೆಯಿಂದಲೇ. ಆದ್ದರಿಂದ ಕಡಿಮೆ ಹಾಕುವುದಕ್ಕಿಂತ ತುಸು ಹೆಚ್ಚಾಗುವುದು ವಾಸಿ, ಒಪ್ಪಿದೆ. ಆದರೆ ಕಾರ್ಬುರೇಟರಿನ ಜೆಟ್ಟಿನಲ್ಲಿ ತೂರುವುದು ಇಂತಿಷ್ಟೇ ದ್ರವ. ಅದರಲ್ಲಿ ಎಣ್ಣೆ ಹೆಚ್ಚಿದಷ್ಟೂ ಪೆಟ್ರೋಲ್ ಕಡಿಮೆ, ಗಾಳಿಯ ಪಾಲು ಹೆಚ್ಚು, ಕಾವೂ ಹೆಚ್ಚು. ಜೊತೆಗೆ ಪ್ಲಗ್ಗಿಗೆ ಕರಿ ಹಿಡಿಯುತ್ತದೆ, ಸೈಲೆನ್ಸರಿನ ಜಾಲರಿ ಕಟ್ಟಿಕೊಳ್ಳುತ್ತದೆ, ಮಿಷನ್ ಎಳೆಯುವುದಿಲ್ಲ.

ಇಂದಿನ ಪೆಟ್ರೋಲಿನಲ್ಲಿ ಈ ತಪ್ಪು ಇಮ್ಮಡಿಯಾಗುತ್ತದೆ. ಬಂಕಿನಲ್ಲಿ ಈಗ ಸಿಗುವುದು ಶೇ. 20 ಎಥೆನಾಲ್ ಬೆರೆತದ್ದು. ಅನೇಕ ಮಿಷನ್ನುಗಳ ಕೈಪಿಡಿ ಒಪ್ಪುವುದು ಶೇ. 10ರವರೆಗೆ ಮಾತ್ರ. ಎಥೆನಾಲಿನೊಳಗೇ ಆಮ್ಲಜನಕ ಇರುವುದರಿಂದ ಗಾಳಿ-ಪೆಟ್ರೋಲಿನ ಮಿಶ್ರಣ ಮೊದಲೇ ತೆಳುವಾಗಿರುತ್ತದೆ. ಅದರ ಮೇಲೆ ಎಣ್ಣೆ ಸುರಿದರೆ ಇನ್ನಷ್ಟು ತೆಳುವಾಗುತ್ತದೆ. ಇದಕ್ಕೆ ಮದ್ದು ಎಣ್ಣೆಯಲ್ಲ. ತಿಳಿದ ಮೆಕ್ಯಾನಿಕ್ಕಿನಿಂದ ಕಾರ್ಬುರೇಟರ್ ಸರಿಮಾಡಿಸುವುದು. ದುಬಾರಿ ಪವರ್ ಪೆಟ್ರೋಲೂ ಪರಿಹಾರವಲ್ಲ. ಆಕ್ಟೇನ್ ಸಂಖ್ಯೆ ಹೇಳುವುದು ಪೆಟ್ರೋಲ್ ನಾಕಿಂಗನ್ನು ಎಷ್ಟು ತಡೆಯುತ್ತದೆ ಎಂಬುದನ್ನಷ್ಟೇ. ಈ ಮಿಷನ್ನುಗಳಿಗೆ ಸುಮಾರು 90 ಇದ್ದರೆ ಸಾಕು, ಸಾದಾ ಪೆಟ್ರೋಲಿನಲ್ಲೇ ಅದಕ್ಕಿಂತ ಹೆಚ್ಚಿದೆ.

ನನಗೆ ನಿಜವಾಗಿ ಭಯವಿರುವುದು ಕ್ಯಾನಿನಲ್ಲಿ ಉಳಿದ ಹಳೆಯ ಮಿಶ್ರಣದ ಬಗ್ಗೆ. ಎಥೆನಾಲ್ ನೀರನ್ನು ಹೀರುತ್ತದೆ. ಮಲೆನಾಡಿನ ಆಷಾಢದ ಗಾಳಿಯಲ್ಲಿ ನೀರಿಗೇನು ಬರ? ನೀರು ಮಿತಿ ಮೀರಿದಾಗ ಅದೂ ಎಥೆನಾಲೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದು ತಳದಲ್ಲಿ. ಅಂದರೆ ನೀವು ಎಷ್ಟೇ ಉದಾರವಾಗಿ ಎಣ್ಣೆ ಹಾಕಿದ್ದರೂ ಎಂಜಿನ್ ಹೀರುವುದು ಎಣ್ಣೆಯೇ ಇಲ್ಲದ ದ್ರವವನ್ನು. “ಎಣ್ಣೆ ಹಾಕಿದ್ದೆವಲ್ಲ, ಆದರೂ ಸೀಜ್ ಆಯಿತು” ಎನ್ನುವವರು ಮೊದಲು ಆ ಕ್ಯಾನಿನ ತಳ ನೋಡಲಿ. ಬೆರೆಸಿಟ್ಟದ್ದನ್ನು ತಿಂಗಳೊಳಗೆ ಮುಗಿಸಬೇಕು. ಮಳೆಗಾಲದಲ್ಲಿ ವಾರಕ್ಕೆ ಬೇಕಾದಷ್ಟೇ ಬೆರೆಸುವುದು ಲೇಸು. ಕೆಲಸ ಮುಗಿಸಿ ಮಿಷನ್ ಎತ್ತಿಡುವ ಮುನ್ನ ಟ್ಯಾಂಕ್ ಬರಿದುಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ.

ಕೊನೆಯ ಆಕ್ಷೇಪ: “ಹೊಡೆಯುವವರು ಕೂಲಿಯವರು, ಅವರಿಗೆ ಇದೆಲ್ಲ ಯಾರು ಹೇಳುತ್ತಾರೆ?” ಅವರ ಮೇಲೆ ಹೊರಿಸುವುದು ಸರಿಯಲ್ಲ. ಬೆರೆಸುವ ಕೆಲಸ ಯಜಮಾನರದ್ದು. ಎಣ್ಣೆಗೆ ಅರ್ಧ ಪೆಟ್ರೋಲ್ ಹಾಕಿ ಕುಲುಕಿ, ಉಳಿದದ್ದನ್ನು ಸೇರಿಸಿ ಮತ್ತೆ ಕುಲುಕಿ, ಕ್ಯಾನಿನ ಮೇಲೆ ಅಳತೆಯನ್ನೂ ಬೆರೆಸಿದ ತಾರೀಖನ್ನೂ ಬರೆದು ಕೊಡಿ. ಮನೆಯಲ್ಲಿ ಫೋರ್ ಸ್ಟ್ರೋಕ್ ಮಿಷನ್ನೂ ಇದ್ದರೆ ಅದಕ್ಕೆ ಬೇರೆ ಬಣ್ಣದ ಕ್ಯಾನ್ ಇಡಿ. ಅದರ ಬರೀ ಪೆಟ್ರೋಲ್ ತಪ್ಪಿ ಟೂ ಸ್ಟ್ರೋಕಿಗೆ ಬಿದ್ದರೆ ಆ ಎಂಜಿನ್ ಒಂದು ಟ್ಯಾಂಕ್ ಮುಗಿಯುವವರೆಗೂ ಬಾಳುವುದಿಲ್ಲ.