ಪಕ್ಕದ ಹಾಸಿಗೆಯವನ ಹೆಸರು ಸರಿಯಾಗಿ ಬರೆಯಿರಿ

ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಶಿವಾಲಯವೊಂದಿದೆ. ಅದರ ಹೊರಗೋಡೆಯ ಮೇಲೆ ಒಬ್ಬ ಹೆಣ್ಣುಮಗಳು ನಿಂತು ಬರೆಯುತ್ತಿದ್ದಾಳೆ. ಒಂಬೈನೂರು ವರ್ಷಗಳ ಆಸುಪಾಸಿನಿಂದ ಬರೆಯುತ್ತಲೇ ಇದ್ದಾಳೆ. ಬೇರೆ ಗುಡಿಗಳ ಶಿಲಾಬಾಲಿಕೆಯರು ಕನ್ನಡಿ ಹಿಡಿದೋ ಗಿಳಿ ಹಿಡಿದೋ ನಿಂತಿದ್ದರೆ ಈಕೆ ಶಾಸನ ಬರೆಯುವ ಕೆಲಸಕ್ಕೆ ನಿಂತವಳು. ಶಾಸನ ಸುಂದರಿ ಎಂದೇ ಆಕೆಗೆ ಹೆಸರು.

ಬರೆದದ್ದು ಏನು ಎಂದರೆ ದೊರೆ ವಿಕ್ರಮಾದಿತ್ಯನ ಹೊಗಳಿಕೆ, ಅದೂ ಸಂಸ್ಕೃತದಲ್ಲಿ. ಪತ್ರಿಕಾ ಶಿಬಿರದ ಯಾವ ಮೇಷ್ಟರ ಕೈಗೆ ಈ ಬರಹ ಸಿಕ್ಕರೂ ‘ಅಕ್ಷರ ಚೆನ್ನಾಗಿದೆ ತಂಗಿ, ಆದರೆ ಇದರಲ್ಲಿ ಸುದ್ದಿ ಎಲ್ಲಿದೆ?’ ಎಂದು ಕೆಂಪು ಗೆರೆ ಎಳೆದು ಹಿಂದಕ್ಕೆ ಕೊಟ್ಟಾರು. ಅದೇ ಕಾಲದ ದಾನಶಾಸನಗಳಾದರೆ ಪಾಸಾಗುತ್ತವೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ತಿಥಿ, ಎಷ್ಟು ಮತ್ತರು ಭೂಮಿ, ಅದರ ಎಲ್ಲೆ ಯಾವ ಹಳ್ಳ ಯಾವ ಮರ ಎಂಬುದೆಲ್ಲ ಅಲ್ಲಿರುತ್ತದೆ. ಇಂದಿನ ವರದಿಗಾರನಿಗೆ ಹೇಳಿಕೊಡುವ ಯಾರು, ಏನು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗಳಿಗೆ ಕಲ್ಲು ಆಗಲೇ ಉತ್ತರ ಕೊಟ್ಟಿತ್ತು.

ಬೇಸಿಗೆ ರಜೆ ಬಂತೆಂದರೆ ಶಿಬಿರಗಳ ಸುಗ್ಗಿ. ನಾಟಕ, ಚಿತ್ರಕಲೆ, ಯೋಗ, ಈಜು. ಅವುಗಳ ಜೊತೆಗೆ ಹದಿಮೂರರಿಂದ ಹದಿನೇಳರ ಪ್ರಾಯದ ಮಕ್ಕಳಿಗೆ ಪತ್ರಿಕಾ ಬರವಣಿಗೆ ಕಲಿಸುವ ಶಿಬಿರಗಳೂ ಅಲ್ಲಲ್ಲಿ ನಡೆಯುತ್ತವೆ. ಅರ್ಜಿ ತುಂಬುವ ಹೊತ್ತಿಗೆ ಮನೆಯಲ್ಲಿ ಪ್ರಶ್ನೆ ಏಳುತ್ತದೆ: ‘ನಮ್ ಹುಡುಗ ಪೇಪರ್‌ನಾಗ ಕೆಲ್ಸ ಮಾಡಾಂವ ಅಲ್ಲ, ಮತ್ಯಾಕ ಹೋಗ್ಬೇಕು?’ ಪ್ರಶ್ನೆ ನ್ಯಾಯವಾದದ್ದೇ. ಹತ್ತನೆಯ ತರಗತಿ ಎದುರಿಗಿರುವಾಗ ಹತ್ತು ದಿನ ಕಡಿಮೆಯೇನಲ್ಲ. ಆದರೆ ಇಂಥ ಶಿಬಿರದ ಮೊದಲ ಪಾಠ ಬರೆಯುವುದರಲ್ಲಿಲ್ಲ. ಪರಿಚಯವಿಲ್ಲದವರ ಎದುರು ನಿಂತು ಒಂದು ಪ್ರಶ್ನೆ ಕೇಳುವುದು, ಅವರು ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿಕೊಂಡಿರುವುದು ಆ ಪಾಠ. ಇದು ಡಾಕ್ಟರಿಗೂ ಬೇಕು, ಕಂಡಕ್ಟರಿಗೂ ಬೇಕು.

ಬಸವಕಲ್ಯಾಣದಲ್ಲಿ ಅಂಥದೊಂದು ಶಿಬಿರ ನಡೆಯಿತೆಂದೇ ಇಟ್ಟುಕೊಳ್ಳಿ. ಮೊದಲ ಸಂಜೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಹುಮನಾಬಾದಿನಿಂದ ಬಂದವರು ಒಂದು ಮೂಲೆ, ಊರಿನವರು ಇನ್ನೊಂದು ಮೂಲೆ. ಆ ಮೂಲೆಗಳೊಳಗೂ ಕನ್ನಡ ಶಾಲೆಯವರು, ಮರಾಠಿ ಶಾಲೆಯವರು, ಉರ್ದು ಶಾಲೆಯವರು ಬೇರೆ ಬೇರೆ. ಬೀದರ್ ಜಿಲ್ಲೆಯಲ್ಲಿ ಈ ಮೂರೂ ಮಾಧ್ಯಮದ ಶಾಲೆಗಳಿವೆ. ಒಂದೇ ಬಾವಿಯ ನೀರು ಕುಡಿದ ಮಕ್ಕಳು ಮೂರು ಗೇಟುಗಳೊಳಗೆ ಓದಿ, ಪರಸ್ಪರರ ಹೆಸರೂ ತಿಳಿಯದೆ ದೊಡ್ಡವರಾಗಿಬಿಡಬಹುದು. ಸಂತೆಯಲ್ಲಿ, ಬಸ್ಸಿನಲ್ಲಿ, ಜಾತ್ರೆಯಲ್ಲಿ ಮೂರೂ ಭಾಷೆ ಕಲಸಿ ಮಾತಾಡುವ ಊರಿನಲ್ಲಿ ಶಾಲೆ ಮಾತ್ರ ಅವರನ್ನು ಬೇರೆ ಕೂರಿಸುತ್ತದೆ.

ಆಗ ಮೇಷ್ಟರು ಚೀಟಿ ಎತ್ತಿಸುತ್ತಾರೆ. ಚೀಟಿಯಲ್ಲಿ ಬಂದವರನ್ನು ಅರ್ಧ ಗಂಟೆ ಮಾತಾಡಿಸಿ ನೂರು ಪದ ಬರೆಯಬೇಕು, ಎಲ್ಲರೆದುರು ಓದಬೇಕು. ಯಾರ ಬಗ್ಗೆ ಬರೆದಿದೆಯೋ ಅವರಿಗೆ ಎದ್ದು ನಿಂತು ತಿದ್ದುವ ಹಕ್ಕಿರುತ್ತದೆ. ಇಲ್ಲಿಯೇ ಮಜಾ. ‘ಇವನ ತಂದೆ ಮೆಕ್ಯಾನಿಕ್’ ಎಂದು ಓದಿದ ಕೂಡಲೇ ಆಟೋ ನಗರದ ಹುಡುಗ ಎದ್ದು, ‘ಮೆಕ್ಯಾನಿಕ್ ಅಲ್ರಿ, ಲಾರಿ ಬಾಡಿ ಕಟ್ತಾರ’ ಎನ್ನುತ್ತಾನೆ. ಹೆಸರಿನ ದೀರ್ಘ ತಪ್ಪಿತೆಂದು ಒಬ್ಬಳು, ಒತ್ತಕ್ಷರ ಬಿಟ್ಟಿತೆಂದು ಇನ್ನೊಬ್ಬ. ಉರ್ದುವಿನಲ್ಲಿ ಬರೆಯುವ ಹೆಸರನ್ನು ಕನ್ನಡಕ್ಕೆ ತರುವಾಗ ಅದನ್ನು ಹೇಗೆ ಉಚ್ಚರಿಸಬೇಕೆಂದು ಆ ಹುಡುಗನನ್ನೇ ಕೇಳದೆ ಗತಿಯಿಲ್ಲ. ಕೇಳಿದ ಮೇಲೆ ಮರೆಯುವುದೂ ಇಲ್ಲ. ಸ್ನೇಹ ಮಾಡಿಕೊಳ್ಳಿ ಎಂದು ಭಾಷಣ ಬಿಗಿದರೆ ಮಕ್ಕಳು ಗೋಡೆ ನೋಡುತ್ತಾರೆ. ಒಬ್ಬರ ಹೆಸರು ಇನ್ನೊಬ್ಬರ ಕೈಯಲ್ಲಿ ಸರಿಯಾಗಿ ಮೂಡಲೇಬೇಕೆಂಬ ಕೆಲಸ ಕೊಟ್ಟರೆ ಊಟದ ಹೊತ್ತಿಗೆ ತಟ್ಟೆ ಹಿಡಿದು ಒಟ್ಟಿಗೆ ಕೂತಿರುತ್ತಾರೆ.

ಊರಿನ ಹೆಸರನ್ನೇ ಎರಡನೆಯ ದಿನದ ಪಾಠ ಮಾಡಬಹುದು. ಹುಮನಾಬಾದ್ ಎಂದು ಒಂದು ಬೋರ್ಡು, ಹುಮ್ನಾಬಾದ್ ಎಂದು ಮತ್ತೊಂದು. ಬಸವಕಲ್ಯಾಣವನ್ನು ನಿಜಾಮರ ಕಾಲದ ಹಿರಿಯರು ಕಲ್ಯಾಣಿ ಎನ್ನುತ್ತಿದ್ದರು. ಅದಕ್ಕೂ ಹಿಂದೆ ಅದು ಚಾಲುಕ್ಯರ ರಾಜಧಾನಿ ಕಲ್ಯಾಣ. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾದಾಗ ಈ ಊರಿನ ಹೆಸರು ಇಡೀ ಸೀಮೆಗೇ ಹರಡಿತು. ಅಜ್ಜ, ಮುತ್ತಜ್ಜಂದಿರ ಹಳೆಯ ಕಾಗದಪತ್ರಗಳಲ್ಲಿ ಊರಿನ ಹೆಸರು ಯಾವ ಲಿಪಿಯಲ್ಲಿ ಹೇಗಿದೆ ಎಂದು ನೋಡಿ ಬನ್ನಿ ಎಂದು ಮಕ್ಕಳನ್ನು ಕಳಿಸಿದರೆ, ಅರ್ಧ ಇತಿಹಾಸ ಟ್ರಂಕಿನೊಳಗಿಂದಲೇ ಹೊರಬರುತ್ತದೆ. ಉರ್ದು ಕಾಗದ ಬಂದರೆ ಅದನ್ನು ಓದಿ ಹೇಳುವವನು ನಿನ್ನೆ ಚೀಟಿಯಲ್ಲಿ ಸಿಕ್ಕ ಗೆಳೆಯ.

ಪ್ರಶ್ನೆ ಕೇಳುವುದು ಈ ಊರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಕಾಲಕ್ಕೆ ಮಡಿವಾಳ, ಅಂಬಿಗ, ಸಮಗಾರ ಎನ್ನದೆ ಎಲ್ಲ ಕಾಯಕದವರೂ ಕೂತು ವಾದಿಸಿದ ಅನುಭವ ಮಂಟಪದ ಹೆಸರು ಇಲ್ಲಿಯ ಮಕ್ಕಳಿಗೆ ತೊಟ್ಟಿಲಲ್ಲೇ ಪರಿಚಯ. ದೂರದ ಉಡುತಡಿಯಿಂದ ಒಂಟಿಯಾಗಿ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಎದುರು ನಿಲ್ಲಿಸಿ ಒಂದರ ಮೇಲೊಂದು ಪ್ರಶ್ನೆ ಕೇಳಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಆಕೆ ಒಂದಕ್ಕೂ ತಡವರಿಸುವುದಿಲ್ಲ. ಕನ್ನಡದ ಬಹು ಹಳೆಯ ಸಂದರ್ಶನ ಇದೇ ಎಂದರೆ ವಿದ್ವಾಂಸರು ಹುಬ್ಬೇರಿಸಿಯಾರು, ಶಿಬಿರಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯ ಪಠ್ಯ ಸಿಗುವುದಿಲ್ಲ. ಬೇರೆ ಬೇರೆ ಕೇರಿಯವರು ಹತ್ತಿರವಾಗುವುದು ಸುಲಭದ ಮಾತಲ್ಲವೆಂಬುದಕ್ಕೂ ಕಲ್ಯಾಣವೇ ಸಾಕ್ಷಿ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯ ಕಥೆ ಎಲ್ಲಿಗೆ ಮುಟ್ಟಿತೆಂಬುದನ್ನು ಹಿರಿಯರು ಬಲ್ಲರು.

ಇನ್ನೊಂದು ಹೆಸರನ್ನೂ ಈ ಭಾಗದ ಮಕ್ಕಳು ತಿಳಿದಿರಬೇಕು. ಹುಮನಾಬಾದ್, ಬಸವಕಲ್ಯಾಣಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಶೋಯೆಬುಲ್ಲಾ ಖಾನ್ ಎಂಬ ಮೂವತ್ತೂ ತುಂಬದ ತರುಣ ಹೈದರಾಬಾದಿನಲ್ಲಿ ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆ ನಡೆಸುತ್ತಿದ್ದ. ಸಂಸ್ಥಾನ ಭಾರತದೊಡನೆ ಸೇರಬೇಕೆಂದು ಬರೆದ, ರಜಾಕಾರರ ಹಿಂಸೆಯನ್ನು ಖಂಡಿಸಿದ. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಕಚೇರಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಅವನನ್ನು ಕೊಂದರು, ಬರೆಯುವ ಕೈಯನ್ನೇ ಕತ್ತರಿಸಿದರು. ಮುಂದಿನ ತಿಂಗಳೇ ಸಂಸ್ಥಾನ ವಿಲೀನವಾಯಿತು. ಉರ್ದು ಅವರದು, ಕನ್ನಡ ನಮ್ಮದು ಎಂದು ಬೆಂಚು ಹಂಚಿಕೊಂಡ ಮಕ್ಕಳಿಗೆ ಈ ಸಂಗತಿಯನ್ನು ಹೇಳಿ ಸುಮ್ಮನಾದರೆ ಸಾಕು.

ಮಕ್ಕಳು ಬರೆದದ್ದನ್ನು ಪತ್ರಿಕೆ ಎನ್ನಬಹುದೇ ಎಂದು ಕೇಳುವವರುಂಟು. ಪೋಲೆಂಡ್ ದೇಶದ ವಾರ್ಸಾ ನಗರದಲ್ಲಿ ಯಾನುಷ್ ಕೋರ್ಚಾಕ್ ಎಂಬ ಮಕ್ಕಳ ವೈದ್ಯರಿದ್ದರು. ಅನಾಥಾಲಯ ನಡೆಸುತ್ತಿದ್ದರು. 1926ರ ಅಕ್ಟೋಬರಿನಲ್ಲಿ ಅಲ್ಲಿಯ ಯಹೂದಿ ದಿನಪತ್ರಿಕೆಯೊಂದರ ಪುರವಣಿಯಾಗಿ ಮಕ್ಕಳದೇ ವಾರಪತ್ರಿಕೆ ಆರಂಭಿಸಿದರು. ಅದರ ಹೆಸರಿಗೆ ‘ಪುಟ್ಟ ಸಮೀಕ್ಷೆ’ ಎಂದರ್ಥ. ಗಲಾಟೆಯಾಗದಂತೆ ನೋಡಿಕೊಳ್ಳಲು ಕನ್ನಡಕದ ಬೋಳುತಲೆಯ ಮುದುಕ ಸಂಪಾದಕನೊಬ್ಬ, ಹುಡುಗರಿಗೆ ಒಬ್ಬ ಹುಡುಗ ಸಂಪಾದಕ, ಹುಡುಗಿಯರಿಗೆ ಒಬ್ಬ ಹುಡುಗಿ ಸಂಪಾದಕಿ ಇರುತ್ತಾರೆಂದು ಅವರು ಮೊದಲೇ ಸಾರಿದ್ದರು. ಯಾರಿಗೂ ಸಂಕೋಚವಾಗಬಾರದಲ್ಲ! ಬರೆಯಲು ಬಾರದವರು ಬಂದು ಬಾಯಲ್ಲಿ ಹೇಳಿದರೂ ಸರಿ. ಶಾಲೆಯ ಅನ್ಯಾಯ, ಮನೆಯ ಜಗಳ, ಹುಟ್ಟುಹಬ್ಬದ ನಿರಾಸೆ, ಎಲ್ಲವೂ ಪತ್ರವಾಗಿ ಬರುತ್ತಿದ್ದವು. ಆ ಪತ್ರಿಕೆ ಹದಿಮೂರು ವರ್ಷ ನಡೆದು, ಜರ್ಮನಿ ಪೋಲೆಂಡಿನ ಮೇಲೆ ಬಿದ್ದ 1939ರ ಸೆಪ್ಟೆಂಬರಿನಲ್ಲಿ ನಿಂತಿತು. 1942ರಲ್ಲಿ ಕೋರ್ಚಾಕ್ ತಮ್ಮ ಅನಾಥಾಲಯದ ಮಕ್ಕಳೊಡನೆಯೇ ಟ್ರೆಬ್ಲಿಂಕಾ ಎಂಬ ಕೊಲೆ ಶಿಬಿರಕ್ಕೆ ಹೋದರು.

ಅಷ್ಟು ದೂರವೇಕೆ, ಕರ್ನಾಟಕದಲ್ಲೇ 1990ರಲ್ಲಿ ದುಡಿಯುವ ಮಕ್ಕಳು ಭೀಮ ಸಂಘ ಕಟ್ಟಿಕೊಂಡರು. ಹೋಟೆಲು, ಗ್ಯಾರೇಜು, ಮನೆಗೆಲಸದ ಮಕ್ಕಳು. ಅಂಥ ಮಕ್ಕಳಿಗಾಗಿ ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆ ಹೊರಬರುತ್ತಿತ್ತು. ಗೋಡೆ ಪತ್ರಿಕೆಗೆ ಬೇಕಾದದ್ದು ಒಂದು ದೊಡ್ಡ ಹಾಳೆ, ಸ್ಕೆಚ್ ಪೆನ್ನು, ಅಂಟು, ಮಳೆ ತಾಗದ ಗೋಡೆ.

ಇಂಥ ಶಿಬಿರಗಳಲ್ಲಿ ಒಂದು ಪೇಚು ಬಂದೇ ಬರುತ್ತದೆ. ಮೂರನೆಯದೋ ನಾಲ್ಕನೆಯದೋ ದಿನ ಮಕ್ಕಳು ಪೇಟೆಗೆ ಹೋಗುತ್ತಾರೆ. ಒಂದು ಗುಂಪು ಬಸ್ಸು ಎಷ್ಟು ನಿಮಿಷ ತಡವಾಯಿತೆಂದು ಬರೆದುಕೊಂಡರೆ ಇನ್ನೊಂದು ಗುಂಪು ತೊಗರಿಬೇಳೆಯ ದರ ಕೇಳುತ್ತದೆ. ಅರ್ಧ ಕಿಲೋ ಬೇಳೆ ಕೊಂಡು ಬೇರೆಡೆ ತೂಗಿಸಿದಾಗ ಮೂವತ್ತು ಗ್ರಾಂ ಕಡಿಮೆ. ಅಂಗಡಿ ಯಾರದೆಂದು ನೋಡಿದರೆ ಪಕ್ಕದ ಹಾಸಿಗೆಯ ಹೊಸ ಗೆಳತಿಯ ತಂದೆಯದು. ಈಗ?

ದೊಡ್ಡ ಪತ್ರಿಕೆಗಳಲ್ಲಿ ಇದಕ್ಕೊಂದು ಪದ್ಧತಿಯಿದೆ. ನಂಟಿರುವವರು ಆ ಸುದ್ದಿ ಮುಟ್ಟುವುದಿಲ್ಲ, ಬೇರೆಯವರು ಬರೆಯುತ್ತಾರೆ. ಒಂದು ಸಲದ ತೂಕ ನಂಬದೆ ಮತ್ತೆ ಎರಡು ಸಲ ತೂಗಿಸುತ್ತಾರೆ. ತಕ್ಕಡಿ ಕೆಟ್ಟಿತ್ತೋ, ಕೈ ಕೆಟ್ಟಿತ್ತೋ ಎಂದು ಅಂಗಡಿಯವರನ್ನೇ ಕೇಳುತ್ತಾರೆ. ಹೇಳಿದ್ದನ್ನು ಹೇಳಿದಂತೆಯೇ ಹಾಕುತ್ತಾರೆ. ‘ಯಾಕ್ ಕೇಳ್ಲತ್ತೀ ತಮ್ಮಾ?’ ಎಂದು ಅವರು ಗದರಿದರೆ ಕಾರಣವನ್ನೂ ಮುಚ್ಚಿಡುವುದಿಲ್ಲ. ಇಷ್ಟೆಲ್ಲ ಮಾಡಿದರೂ ರಾತ್ರಿ ಗೆಳತಿ ಮುಖ ತಿರುಗಿಸಿ ಮಲಗಬಹುದು. ಅದಕ್ಕೆ ಯಾವ ಪತ್ರಿಕೆಯ ಪದ್ಧತಿಯಲ್ಲೂ ಪರಿಹಾರವಿಲ್ಲ. ಬರೆಯುವ ಮೊದಲು ಅವಳಿಗೆ ತಿಳಿಸಿದ್ದರೆ ಮರುದಿನ ಮಾತಾಡುವ ಸಾಧ್ಯತೆಯಾದರೂ ಇರುತ್ತದೆ. ಬೆನ್ನ ಹಿಂದೆ ಬರೆದಿದ್ದರೆ ಅದೂ ಇಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ಊರಿಗೆಲ್ಲ ಕಳಿಸಿದ್ದರಂತೂ, ತಕ್ಕಡಿಯದೇ ತಪ್ಪೆಂದು ಆಮೇಲೆ ಗೊತ್ತಾದರೆ ಅಂಗಡಿಯವರ ಮಾನ ಮರಳಿ ಬರುವುದು ಹೇಗೆ? ಹದಿನೈದರ ಪ್ರಾಯದಲ್ಲಿ ಇದನ್ನು ಒಮ್ಮೆ ಎದುರಿಸಿದ ಮಗು ಮುಂದೆ ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಎರಡು ಸಲ ನೋಡುತ್ತದೆ.

ಪಾಲಕರು ಕಳಿಸುವ ಮೊದಲು ತಾವೂ ವರದಿಗಾರರಾಗಬೇಕು. ಶಿಬಿರ ನಡೆಸುವವರು ಯಾರು, ರಾತ್ರಿ ಮಕ್ಕಳ ಜೊತೆ ಇರುವವರು ಯಾರು, ಹುಡುಗಿಯರ ಕಡೆ ಶಿಕ್ಷಕಿ ಇದ್ದಾರೆಯೇ, ಮನೆಗೆ ಫೋನು ಮಾಡಲು ಬಿಡುತ್ತಾರೆಯೇ, ನೀರು ಎಲ್ಲಿಯದು? ಏಪ್ರಿಲ್, ಮೇ ತಿಂಗಳ ಬೀದರ್ ಜಿಲ್ಲೆಯ ಬಿಸಿಲಿನಲ್ಲಿ ಕೊನೆಯ ಪ್ರಶ್ನೆ ಸಣ್ಣದಲ್ಲ. ಆಹ್ವಾನ ಪತ್ರಿಕೆಯನ್ನೂ ಸ್ವಲ್ಪ ನೋಡಿ. ಅತಿಥಿಗಳ ಹೆಸರು ಎರಡು ಪುಟ, ಕಾರ್ಯಕ್ರಮದ ವಿವರ ನಾಲ್ಕು ಸಾಲು ಇದ್ದರೆ ಮಕ್ಕಳು ಹಾರ ಹಿಡಿದು ಬಿಸಿಲಲ್ಲಿ ನಿಲ್ಲುವ ಶಿಬಿರವದು. ಮಗಳನ್ನು ಅಷ್ಟು ದೂರ ಹೇಗೆ ಕಳಿಸುವುದೆಂಬ ಮಾತು ಇದ್ದೇ ಇದೆ. ಹುಮನಾಬಾದಿನಿಂದ ಬಸವಕಲ್ಯಾಣ ಮೂವತ್ತು ಕಿಲೋಮೀಟರಿನ ಆಸುಪಾಸು. 2023ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚೂ ಇಲ್ಲ.

ಶಿಬಿರ ಮುಗಿಯುವ ದಿನ ಎಲ್ಲರೂ ನಂಬರು ಬರೆದುಕೊಳ್ಳುತ್ತಾರೆ, ಶಾಲೆ ಶುರುವಾದ ಮೇಲೆ ಮರೆಯುತ್ತಾರೆ. ಮರೆಯದಂತೆ ಮಾಡಲು ಒಂದು ಹಳೆಯ ಉಪಾಯವಿದೆ. ಫ್ರಾನ್ಸಿನ ಹಳ್ಳಿಯ ಮೇಷ್ಟರು ಸೆಲೆಸ್ತೇನ್ ಫ್ರೆನೆ 1920ರ ದಶಕದಲ್ಲಿ ತರಗತಿಗೆ ಒಂದು ಪುಟ್ಟ ಮುದ್ರಣ ಯಂತ್ರ ತಂದಿಟ್ಟರು. ಮಕ್ಕಳು ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿದ ಹಾಳೆಗಳನ್ನು ದೇಶದ ಇನ್ನೊಂದು ತುದಿಯ ಶಾಲೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು, ಅಲ್ಲಿಂದ ಅವರ ಹಾಳೆ ಬರುತ್ತಿತ್ತು. ಹುಮನಾಬಾದಿನ ಒಂದು ಶಾಲೆ, ಬಸವಕಲ್ಯಾಣದ ಒಂದು ಶಾಲೆ ಇದನ್ನು ಖರ್ಚಿಲ್ಲದೆ ಮಾಡಬಹುದು. ತಿಂಗಳಿಗೊಂದು ಗೋಡೆ ಪತ್ರಿಕೆ; ಇಲ್ಲಿ ಹದಿನೈದು ದಿನ ತೂಗಿ, ಸುರುಳಿ ಸುತ್ತಿ ಬಸ್ಸಿನಲ್ಲಿ ಹೋಗುವ ಯಾರದಾದರೂ ಕೈಗೆ ಕೊಟ್ಟರೆ ಅಲ್ಲಿ ಹದಿನೈದು ದಿನ. ಒಂದು ಅಂಕಣ ಕನ್ನಡದಲ್ಲಿ, ಒಂದು ಉರ್ದುವಿನಲ್ಲಿ, ಒಂದು ಮರಾಠಿಯಲ್ಲಿ. ಹಾಳೆಯ ಕೆಳಗೆ ಒಂದು ಗೇಣು ಜಾಗ ಖಾಲಿ ಬಿಟ್ಟಿರಬೇಕು. ತಪ್ಪು ಕಂಡವರು ತಿದ್ದುಪಡಿ ಬರೆದು ಹೆಸರು ಹಾಕಲಿಕ್ಕೆ.