ಅರ್ಧಕ್ಕೆ ನಿಂತ ಗೋಡೆಯ ಊರು

ಇಟಲಿಗೆ ಹೋಗಿ ಬಂದವರನ್ನ ಕೇಳಿದ್ರೆ ಸಿಗೋ ಪಟ್ಟಿ ಹೆಚ್ಚುಕಮ್ಮಿ ಒಂದೇ. ರೋಮ್, ಫ್ಲಾರೆನ್ಸ್, ವೆನಿಸ್. ನಡುವೆ ಅರ್ಧ ದಿನ ಮಿಕ್ಕಿದ್ರೆ ಪೀಸಾದ ವಾಲು ಗೋಪುರದ ಮುಂದೆ ಕೈಚಾಚಿ ನಿಂತು ಒಂದು ಫೋಟೋ. ಆ ಪಟ್ಟಿಗೆ ಇನ್ನೊಂದು ಊರು ಸೇರಿಸ್ಕೊಳ್ಳಿ ಅಂತ ಹೇಳೋದಕ್ಕೇ ಈ ಸಲದ ಅಂಕಣ. ಊರಿನ ಹೆಸರು ಸಿಯೆನಾ. ಫ್ಲಾರೆನ್ಸಿನಿಂದ ದಕ್ಷಿಣಕ್ಕೆ, ಟಸ್ಕನಿಯ ಮೂರು ಗುಡ್ಡಗಳ ಮೇಲೆ ಹರಡಿಕೊಂಡಿರುವ ಹಳೇ ಪಟ್ಟಣ. 1995ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ನಾನು ಹೋಗಿದ್ದು ಅಮ್ಮನ ಜೊತೆ. ಅಮ್ಮ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರ್ ಆದವಳು. ವಯಸ್ಸು ಅರವತ್ತಾರು, ಎರಡೂ ಮಂಡಿ ನೋವು. ಟಿಕೆಟ್ ಬುಕ್ ಮಾಡುವಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಗುಡ್ಡದ ಊರು ಅಂತೀಯಲ್ಲ, ಎಷ್ಟು ಮೆಟ್ಲು ಇರತ್ತೆ ಕಣೇ?" ಅಪ್ಪ ಅಮ್ಮನನ್ನ ಕರ್ಕೊಂಡು ಹೋಗೋ ಯೋಚನೆ ಇರುವವರಿಗೆಲ್ಲ ಇದೇ ಪ್ರಶ್ನೆ ಇರತ್ತೆ. ಹಾಗಾಗಿ ಮೊದಲು ಅದನ್ನೇ ಹೇಳ್ತೀನಿ.

ಫ್ಲಾರೆನ್ಸಿನಿಂದ ಸಿಯೆನಾಗೆ ರೈಲೂ ಇದೆ, ಬಸ್ಸೂ ಇದೆ. ರೈಲಿಗೆ ಸುಮಾರು ಒಂದೂವರೆ ಗಂಟೆ. ಆದರೆ ರೈಲು ನಿಲ್ದಾಣ ಇರೋದು ಗುಡ್ಡದ ಬುಡದಲ್ಲಿ. ಎದುರಿನ ಶಾಪಿಂಗ್ ಸೆಂಟರಿನ ಒಳಗಿಂದ ಒಂದರ ಮೇಲೊಂದು ಎಸ್ಕಲೇಟರ್ ಹತ್ತಿ ಮೇಲೆ ಬಂದರೂ ಹಳೇ ಊರಿನ ನಡುಭಾಗಕ್ಕೆ ಇನ್ನೂ ನಡೀಬೇಕು. ಎಕ್ಸ್‌ಪ್ರೆಸ್ ಬಸ್ಸು ನೇರವಾಗಿ ಗುಡ್ಡದ ಮೇಲೆ, ಹಳೇ ಊರಿನ ಅಂಚಿಗೇ ತಂದು ಇಳಿಸತ್ತೆ. ಮಂಡಿ ನೋವಿನವರು ಜೊತೆಗಿದ್ರೆ ಬಸ್ಸೇ ವಾಸಿ. ಬಾಡಿಗೆ ಕಾರಿನವರಿಗೆ ಒಂದು ಮಾತು: ಹಳೇ ಊರಿನೊಳಗೆ ಹೊರಗಿನ ಕಾರು ಬಿಡೋದಿಲ್ಲ. ಅಲ್ಲಿನವರು 1960ರ ದಶಕದಲ್ಲೇ ಊರಿನ ನಡುಭಾಗದಿಂದ ಕಾರುಗಳನ್ನ ಹೊರಗಿಟ್ಟವರು. ಗೋಡೆಯ ಹೊರಗೆ ಪಾರ್ಕ್ ಮಾಡಿ ನಡೆದು ಹೋಗಿ. ಕ್ಯಾಮೆರಾ ಹಿಡಿದ್ರೆ ದಂಡದ ಚೀಟಿ ಬೆಂಗಳೂರಿನವರೆಗೂ ಬರಬಹುದು.

ಕಾರಿಲ್ಲದ ಊರು ಹೇಗಿರತ್ತೆ ಅನ್ನೋದು ಐದು ನಿಮಿಷದಲ್ಲಿ ಗೊತ್ತಾಗತ್ತೆ. ಹೆಜ್ಜೆ ಸಪ್ಪಳ ಕೇಳಿಸತ್ತೆ. ಕಲ್ಲು ಹಾಸಿದ ಓಣಿಗಳು ಏರ್ತವೆ, ಇಳೀತವೆ, ತಿರುಗ್ತವೆ. ಒಂದು ತಿರುವಿನಲ್ಲಿ ಕತ್ತಲೆ ಓಣಿ ಮುಗಿದು ದೊಡ್ಡ ಚೌಕ ಕಣ್ಣೆದುರು ತೆರೆದುಕೊಳ್ಳತ್ತೆ. ಅದೇ ಪಿಯಾತ್ಸಾ ದೆಲ್ ಕಾಂಪೊ. ಅಲ್ಲಿಯವರ ಬಾಯಲ್ಲಿ ಬರೀ ಕಾಂಪೊ.

ಕಾಂಪೊ ಸಮತಟ್ಟಾದ ಚೌಕ ಅಲ್ಲ. ಚಿಪ್ಪಿನ ಆಕಾರ, ಕೆಂಪು ಇಟ್ಟಿಗೆ ಹಾಸು, ಪುರಸಭೆಯ ಅರಮನೆ ಕಡೆಗೆ ಮೊರದ ಹಾಗೆ ಇಳಿಜಾರು. ಬಿಳಿ ಕಲ್ಲಿನ ಪಟ್ಟಿಗಳು ಅದನ್ನ ಒಂಬತ್ತು ಭಾಗ ಮಾಡ್ತವೆ. 1287ರಿಂದ 1355ರವರೆಗೆ ಊರನ್ನ ಆಳಿದ ಒಂಬತ್ತು ಜನರ ಸರ್ಕಾರದ ಗುರುತು ಅದು. ರಾಜ ಇಲ್ಲ, ಒಂಬತ್ತು ಜನರ ಸಮಿತಿ. ಚೌಕಕ್ಕೆ ಮುಖ ಮಾಡಿದ ಮನೆಗಳ ಕಿಟಕಿ ಹೇಗಿರಬೇಕು ಅಂತ 1297ರಲ್ಲೇ ನಿಯಮ ಮಾಡಿದ್ದವರು ಇವರು. ನಮ್ಮ ಬಡಾವಣೆಗಳಲ್ಲಿ ಸೆಟ್‌ಬ್ಯಾಕ್ ಬಿಡಿಸೋದೇ ಕಷ್ಟ, ಇವರು ಏಳುನೂರು ವರ್ಷದ ಹಿಂದೆ ಕಿಟಕಿಯನ್ನೂ ಬಿಟ್ಟಿಲ್ಲ.

ಕಾಂಪೊದಲ್ಲಿ ಜನ ನೆಲದ ಮೇಲೇ ಕೂರ್ತಾರೆ, ಇಳಿಜಾರು ಇರೋದ್ರಿಂದ ಒರಗಿಕೊಳ್ಳೋದಕ್ಕೂ ಸುಖ. ಅಮ್ಮ ಬ್ಯಾಗಿನಿಂದ ಟವೆಲ್ ತೆಗೆದು ಹಾಸಿಕೊಂಡು ಕೂತಳು. "ನೀನು ಗೋಪುರ ಹತ್ಕೊಂಡು ಬಾ, ನಾನು ಇಲ್ಲೇ ಇರ್ತೀನಿ" ಅಂದಳು. ಗೋಪುರದ ಹೆಸರು ತೋರೆ ದೆಲ್ ಮಾಂಜಾ. ಸುಮಾರು 400 ಮೆಟ್ಟಿಲು, ಲಿಫ್ಟ್ ಇಲ್ಲ, ಭುಜ ತಾಗುವಷ್ಟು ಇಕ್ಕಟ್ಟು. ಹೆಸರಿನ ಹಿಂದೊಂದು ಕಥೆಯಿದೆ. ಗಂಟೆ ಬಾರಿಸುವ ಕೆಲಸಕ್ಕಿದ್ದ ಒಬ್ಬನಿಗೆ ದುಡಿದಿದ್ದನ್ನೆಲ್ಲ ತಿಂದು ಮುಗಿಸುವವ ಅನ್ನೋ ಅರ್ಥದ ಅಡ್ಡಹೆಸರಿತ್ತಂತೆ. ಗೋಪುರಕ್ಕೆ ಅದೇ ನಿಂತಿದೆ. ತಿಂಗಳ ಇಪ್ಪತ್ತನೇ ತಾರೀಕಿಗೇ ಸಂಬಳ ಖಾಲಿ ಮಾಡ್ಕೊಳ್ಳೋ ನಮ್ಮಂಥವರು ಈ ಗೋಪುರಕ್ಕೊಂದು ನಮಸ್ಕಾರ ಹಾಕಬೇಕು.

ಅಮ್ಮ ನೋಡಲೇಬೇಕು ಅಂದಿದ್ದು ಕೆಳಗಿನ ಪಲಾತ್ಸೊ ಪುಬ್ಲಿಕೊ ಒಳಗಿನ ಭಿತ್ತಿಚಿತ್ರ. 1338-39ರಲ್ಲಿ ಆಂಬ್ರೋಜೊ ಲೊರೆಂಜೆಟ್ಟಿ ಬರೆದದ್ದು. ಒಂಬತ್ತು ಜನ ಸಭೆ ಸೇರುತ್ತಿದ್ದ ಕೋಣೆಯ ಗೋಡೆಗಳ ಮೇಲೆ ಒಳ್ಳೆಯ ಆಡಳಿತ, ಕೆಟ್ಟ ಆಡಳಿತ, ಎರಡರ ಪರಿಣಾಮ. ಒಳ್ಳೆಯ ಕಡೆ ಅಂಗಡಿ ತೆರೆದಿವೆ, ಗಾರೆ ಕೆಲಸದವರು ಮನೆ ಕಟ್ತಿದ್ದಾರೆ, ಮೇಷ್ಟ್ರು ಪಾಠ ಮಾಡ್ತಿದ್ದಾರೆ, ಬೀದಿಯಲ್ಲಿ ಕುಣಿತ ನಡೆದಿದೆ, ಊರಾಚೆ ಹೊಲದಲ್ಲಿ ಬೆಳೆ. ಕೆಟ್ಟ ಕಡೆ ಕೊಂಬಿರುವ ದೊರೆ, ಅವನ ಕಾಲಡಿ ಕೈ ಕಟ್ಟಿಸಿಕೊಂಡ ನ್ಯಾಯದೇವತೆ, ಮುರಿದ ಮನೆಗಳು. ದೇವರ ಚಿತ್ರಗಳೇ ತುಂಬಿದ್ದ ಕಾಲದಲ್ಲಿ ಇಷ್ಟು ದೊಡ್ಡದಾಗಿ ಊರಾಡಳಿತವನ್ನೇ ಬರೆಸಿಕೊಂಡಿದ್ದಾರೆ, ಅದೂ ತಾವು ತೀರ್ಮಾನ ತಗೊಳ್ಳೋ ಕೋಣೆಯಲ್ಲೇ. "ಇದನ್ನ ಎಲ್ಲಾ ಪಂಚಾಯ್ತಿ ಆಫೀಸಲ್ಲೂ ಬರೆಸ್ಬೇಕು" ಅಂತ ಅಮ್ಮನ ಷರಾ.

ಆ ಚಿತ್ರ ಮುಗಿದು ಒಂಬತ್ತೇ ವರ್ಷಕ್ಕೆ, 1348ರಲ್ಲಿ, ಪ್ಲೇಗ್ ಬಂತು. ಊರಿನ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಜನ ಸತ್ತರು ಅಂತ ಇತಿಹಾಸಕಾರರ ಅಂದಾಜು. ತನ್ನ ಐದು ಮಕ್ಕಳನ್ನ ತನ್ನ ಕೈಯಿಂದಲೇ ಮಣ್ಣು ಮಾಡಿದ್ದಾಗಿ ಆಗ್ನೊಲೊ ದಿ ತೂರಾ ಎಂಬ ಆ ಕಾಲದ ಸಿಯೆನಾದವನೊಬ್ಬ ಬರೆದಿಟ್ಟಿದ್ದಾನೆ. ಚಿತ್ರ ಬರೆದ ಲೊರೆಂಜೆಟ್ಟಿಯೂ ಅದೇ ಪ್ಲೇಗಿನಲ್ಲಿ ಹೋದ ಅಂತಲೇ ನಂಬಿಕೆ.

ಇದನ್ನ ತಲೆಯಲ್ಲಿಟ್ಟುಕೊಂಡೇ ಕೆಥೆಡ್ರಲ್‌ಗೆ ಹೋಗಬೇಕು. ಕಪ್ಪು ಬಿಳಿ ಅಮೃತಶಿಲೆಯ ಪಟ್ಟೆಪಟ್ಟೆ ಕಟ್ಟಡ, ಒಳಗೆ ಕಣ್ಣು ಕುಕ್ಕುವಷ್ಟು ಕೆಲಸ. ನೆಲದಲ್ಲೇ 56 ಕಲ್ಲಿನ ಚಿತ್ರಫಲಕಗಳಿವೆ. ವರ್ಷದ ಬಹುಪಾಲು ಮುಚ್ಚಿಟ್ಟು, ಬೇಸಿಗೆ ಕೊನೆಯ ಹೊತ್ತಿಗೆ ಕೆಲವು ವಾರ ಪೂರ್ತಿ ತೆರೀತಾರೆ. ಎಲ್ಲರೂ ನೇರ ಒಳಗೆ ನುಗ್ತಾರೆ. ನೀವು ಮೊದಲು ಪಕ್ಕದ ಖಾಲಿ ಚೌಕಕ್ಕೆ ಹೋಗಿ. ಅಲ್ಲೊಂದು ಭಾರೀ ಗೋಡೆ ಒಂಟಿಯಾಗಿ ನಿಂತಿದೆ. ಕಿಟಕಿಯ ಜಾಗದಲ್ಲಿ ಆಕಾಶ ಕಾಣಿಸತ್ತೆ.

1339ರಲ್ಲಿ ಸಿಯೆನಾದವರು ಇರುವ ಕೆಥೆಡ್ರಲ್ ಸಾಲದು ಅಂತ ತೀರ್ಮಾನ ಮಾಡಿದ್ದರು. ಅದನ್ನೇ ಅಡ್ಡ ತೋಳಾಗಿ ಉಳಿಸಿಕೊಂಡು, ಅದಕ್ಕೆ ಹೊಂದಿಸಿ ಹೊಸದಾಗಿ ಉದ್ದನೆಯ ಮುಖ್ಯ ಅಂಕಣ ಕಟ್ಟೋ ಯೋಜನೆ. ಫ್ಲಾರೆನ್ಸಿನವರೂ ತಮ್ಮ ದೊಡ್ಡ ಕೆಥೆಡ್ರಲ್ ಕಟ್ಟುತ್ತಿದ್ದ ಕಾಲ. ಎರಡೂ ಊರಿಗೆ ಮೊದಲಿಂದ ಹಗೆ. ಗೋಡೆ ಎದ್ದಿತು, ಕಮಾನುಗಳು ಎದ್ದವು. ಅಷ್ಟರಲ್ಲಿ ಪ್ಲೇಗ್. ಕೆಲಸಗಾರರಿಲ್ಲ, ದುಡ್ಡಿಲ್ಲ. 1357ರ ಹೊತ್ತಿಗೆ, ಕಟ್ಟಿದ್ದರಲ್ಲೂ ದೋಷ ಇದೆ ಅಂತ ಗೊತ್ತಾಗಿ ಅಪಾಯದ ಭಾಗಗಳನ್ನ ಇಳಿಸಿದರು. ಗಟ್ಟಿಯಾಗಿದ್ದ ಒಂದು ಸಾಲಿನ ಕಮಾನುಗಳನ್ನ ಮುಚ್ಚಿ ಕೋಣೆಗಳನ್ನ ಮಾಡಿಕೊಂಡರು. ಈಗ ಅಲ್ಲೇ ಮ್ಯೂಸಿಯಂ ಇದೆ. ದೂಚ್ಚೊ ಎಂಬ ಕಲಾವಿದ ಕೆಥೆಡ್ರಲ್‌ಗಾಗಿ ಬರೆದು, 1311ರಲ್ಲಿ ಊರವರು ಮೆರವಣಿಗೆಯಲ್ಲಿ ಹೊತ್ತು ತಂದ ಚಿತ್ರ ಈಗಿರೋದು ಆ ಮ್ಯೂಸಿಯಂನಲ್ಲಿ.

ಅಮ್ಮ ಗೋಡೆಯನ್ನ ಬಹಳ ಹೊತ್ತು ನೋಡಿದಳು. "ನಮ್ಮನೆ ತಾರಸಿ ತರಾನೇ ಇದೆ" ಅಂದಳು.

ನಮ್ಮ ಮನೆ ತಾರಸಿಯ ಮೇಲೆ ಪಿಲ್ಲರ್ ಕಂಬಿಗಳು ಇನ್ನೂ ನಿಂತಿವೆ. ಅಪ್ಪ ಮನೆ ಕಟ್ಟಿಸುವಾಗ, ಮುಂದೆ ಮೇಲೊಂದು ಮಹಡಿ ಹಾಕಿಸೋಣ ಅಂತ ಬಿಟ್ಟಿದ್ದು. ಅಪ್ಪ ಹೋಗಿ ಆರು ವರ್ಷ ಆಯ್ತು. ಕಂಬಿ ತುಕ್ಕು ಹಿಡಿದು, ಅದರ ಬುಡದಲ್ಲೇ ಮಳೆ ನೀರು ಇಳಿದು ಬೆಡ್‌ರೂಮಿನ ಸೂರು ಸೋರತ್ತೆ. ಬಿಲ್ಡರ್‌ಗೆ ಕೊಟ್ಟುಬಿಡೋಣ ಅಂತ ಅಣ್ಣ, ಸಾಲ ಮಾಡಿಯಾದರೂ ಅಪ್ಪನ ಆಸೆ ಮುಗಿಸೋಣ ಅಂತ ನಾನು. ಪ್ರತಿ ಹಬ್ಬಕ್ಕೂ ಇದೇ ಜಗಳ. ಅಮ್ಮ ಇಷ್ಟು ದಿನ ಒಂದು ಮಾತೂ ಆಡಿರಲಿಲ್ಲ. ಅವತ್ತು ಗೋಡೆ ನೋಡ್ತಾ ಆಡಿದಳು.

"ಬೀಳೋದನ್ನ ತೆಗೆದ್ರು, ನಿಲ್ಲೋದನ್ನ ಇಟ್ಕೊಂಡು ಬಳಸಿದ್ರು ನೋಡು. ಊರಿಗೆ ಹೋದ್ಮೇಲೆ ಆ ಕಂಬಿ ಕತ್ತರಿಸಿ, ಸೋರದ ಹಾಗೆ ಮಾಡ್ಸಿಬಿಡು. ಮಹಡಿನೂ ಬೇಡ, ಮಾರೋದೂ ಬೇಡ. ನಂಗೆ ಸಂಡಿಗೆ ಒಣಗ್ಸೋಕೆ ತಾರಸಿ ಬೇಕು."

"ಅಪ್ಪನ ಆಸೆ ಅಲ್ವಾಮ್ಮ ಅದು?"

"ನಿಮ್ಮಪ್ಪಂಗೆ ಆಸೆ ಇದ್ದಿದ್ದು ಮನೇಲಿ ನಾವು ಚೆನ್ನಾಗಿರ್ಲಿ ಅಂತ. ಕಂಬಿ ಮೇಲಲ್ಲ."

ಅಮ್ಮನನ್ನ ಕೆಳಗಿನ ಬೆಂಚಿನ ಮೇಲೆ ಕೂರಿಸಿ ನಾನು ಆ ಗೋಡೆಯ ತುದಿಗೆ ಹತ್ತಿದೆ. ಮ್ಯೂಸಿಯಂ ಒಳಗಿಂದಲೇ ದಾರಿ, ಕಿರಿದಾದ ಸುತ್ತು ಮೆಟ್ಟಿಲು. ಮೇಲಿನಿಂದ ಇಡೀ ಊರು, ಅದರಾಚೆ ಟಸ್ಕನಿಯ ಗುಡ್ಡಗಳು. ಗೋಪುರ, ಗೋಡೆ ಎರಡರಲ್ಲಿ ಒಂದೇ ಹತ್ತೋ ಶಕ್ತಿ ಇದ್ರೆ ಗೋಡೆ ಹತ್ತಿ. ಮೆಟ್ಟಿಲೂ ಕಮ್ಮಿ.

ಸಿಯೆನಾ ಆಮೇಲೆ ಮೊದಲಿನಷ್ಟು ದೊಡ್ಡದಾಗಲೇ ಇಲ್ಲ. 1555ರಲ್ಲಿ, ತಿಂಗಳುಗಟ್ಟಲೆ ಮುತ್ತಿಗೆಯಲ್ಲಿ ಹಸಿದು, ಸ್ಪೇನ್ ಮತ್ತು ಫ್ಲಾರೆನ್ಸಿನ ಸೇನೆಗೆ ಶರಣಾಯ್ತು. ಕೆಲವೇ ವರ್ಷಕ್ಕೆ ಫ್ಲಾರೆನ್ಸಿನ ಮೆದಿಚಿಗಳ ಕೈಗೆ ಹೋಯ್ತು. ಹಳೇದನ್ನ ಕೆಡವಿ ಹೊಸದು ಕಟ್ಟುವಷ್ಟು ಸಿರಿ ಮತ್ತೆ ಬರಲಿಲ್ಲ. ನಾವು ಇವತ್ತು ಕಣ್ತುಂಬಾ ನೋಡೋ ಊರು ಉಳಿದಿರೋದಕ್ಕೆ ಆ ಸೋಲೂ ಒಂದು ಕಾರಣ.

ಊರು ಕುಗ್ಗಿದರೂ ಕೇರಿಗಳು ಕುಗ್ಗಲಿಲ್ಲ. ಸಿಯೆನಾದಲ್ಲಿ 17 ಕೇರಿಗಳಿವೆ, ಕೊಂತ್ರಾದಾ ಅಂತಾರೆ. ಅವುಗಳ ಗಡಿ 1729ರಲ್ಲಿ ಗುರುತಾಗಿದ್ದೇ ಇವತ್ತಿಗೂ ನಡೀತಿದೆ. ಹೆಬ್ಬಾತು, ಬಸವನಹುಳು, ಆಮೆ, ಕಂಬಳಿಹುಳು, ಮುಳ್ಳುಹಂದಿ ಅಂತೆಲ್ಲ ಹೆಸರು. ಗೋಪುರ ಅನ್ನೋ ಹೆಸರಿನ ಕೇರಿಗೆ ಬೆನ್ನ ಮೇಲೆ ಗೋಪುರ ಹೊತ್ತ ಆನೆಯೇ ಲಾಂಛನ. ಗೋಡೆಯ ಮೇಲೆ ಅದನ್ನ ಕಂಡಾಗ ಅಮ್ಮನಿಗೆ ಊರಿನವರೇ ಸಿಕ್ಕಷ್ಟು ಖುಷಿ. ಪ್ರತಿ ಕೇರಿಗೂ ತನ್ನದೇ ಪ್ರಾರ್ಥನಾ ಮಂದಿರ, ಮ್ಯೂಸಿಯಂ, ನೀರಿನ ಕಾರಂಜಿ. ಆ ಕಾರಂಜಿಯ ನೀರಿನಿಂದಲೇ ಮಗುವನ್ನ ಕೇರಿಗೆ ಸೇರಿಸಿಕೊಳ್ಳೋ ಶಾಸ್ತ್ರವೂ ಇದೆ. ಓಣಿಯಲ್ಲಿ ನಡೀತಾ ಗೋಡೆ ಮೂಲೆಗಳನ್ನ ನೋಡ್ತಿದ್ರೆ ಯಾವ ಕೇರಿಯಲ್ಲಿದ್ದೀವಿ ಅಂತ ತಿಳಿಯತ್ತೆ. ಮಕ್ಕಳು ಜೊತೆಗಿದ್ರೆ ಇದೇ ಒಳ್ಳೇ ಆಟ.

ಈ ಕೇರಿಗಳ ಪೈಪೋಟಿಯೇ ಪಾಲಿಯೊ. ಜುಲೈ 2, ಆಗಸ್ಟ್ 16ರಂದು ಕಾಂಪೊ ಸುತ್ತ ಮಣ್ಣು ಹಾಸಿ ಕುದುರೆ ಓಡಿಸ್ತಾರೆ. ಜಾಗ ಸಾಲದ್ದಕ್ಕೆ 17ರಲ್ಲಿ ಹತ್ತು ಕೇರಿಗಳಿಗೆ ಮಾತ್ರ ಅವಕಾಶ. ಜೀನು ಇಲ್ಲದ ಕುದುರೆ, ಮೂರು ಸುತ್ತು, ಒಂದೂವರೆ ನಿಮಿಷದೊಳಗೆ ಮುಗಿದೇ ಹೋಗತ್ತೆ. ಸವಾರ ಬಿದ್ದರೂ ಕುದುರೆ ಮೊದಲು ಬಂದ್ರೆ ಆ ಕೇರಿಗೇ ಗೆಲುವು. ಬಹುಮಾನ ಚಿತ್ರ ಬರೆದ ಒಂದು ರೇಷ್ಮೆ ಬಾವುಟ. ತಿರುವುಗಳಲ್ಲಿ ಕುದುರೆಗಳಿಗೆ ಪೆಟ್ಟಾಗತ್ತೆ ಅಂತ ಪ್ರಾಣಿಪ್ರಿಯರ ವಿರೋಧವೂ ಇದೆ. ನಮ್ಮ ಕಂಬಳ ನೋಡಿದವರಿಗೆ ಈ ವಾದದ ಎರಡೂ ಕಡೆ ಗೊತ್ತು. ಚೌಕದ ನಡುವೆ ನಿಂತು ನೋಡೋದಕ್ಕೆ ಟಿಕೆಟ್ ಇಲ್ಲ, ಆದರೆ ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಹಿರಿಯರು ಜೊತೆಗಿದ್ರೆ ಆ ಎರಡು ತಾರೀಕು ಬಿಟ್ಟು ಹೋಗಿ.

ಊಟದ ವಿಷಯ. ಇಲ್ಲಿನ ಪಾಸ್ತಾ ಪೀಚಿ, ಕೈಯಲ್ಲೇ ಹೊಸೆದ ದಪ್ಪ ಶಾವಿಗೆ ಅನ್ನಿ. ಟೊಮೆಟೊ ಬೆಳ್ಳುಳ್ಳಿ ಸಾಸಿನ ಪೀಚಿ ನಮ್ಮ ನಾಲಿಗೆಗೆ ಹೊಂದತ್ತೆ. ಸಸ್ಯಾಹಾರಿಗಳು "ಸೆನ್ಸಾ ಕಾರ್ನೆ" ಅಂದ್ರೆ ಮಾಂಸ ಬೇಡ ಅಂತ ಅರ್ಥ ಆಗತ್ತೆ. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಹಾಕಲ್ಲ, ಅಮ್ಮನ ಉಪ್ಪಿನಕಾಯಿ ಡಬ್ಬಿ ಅಲ್ಲಿ ಉಪಯೋಗಕ್ಕೆ ಬಂತು. ಪಾನ್‌ಫೋರ್ತೆ ಅಂತ ಬಾದಾಮಿ, ಜೇನು, ಮಸಾಲೆ ಹಾಕಿದ ಗಟ್ಟಿ ಸಿಹಿ ಸಿಗತ್ತೆ. ವಾರಗಟ್ಟಲೆ ಕೆಡಲ್ಲ, ಊರಿಗೆ ತರೋದಕ್ಕೆ ಸರಿ.

ಕೊನೆಯದಾಗಿ, ಸಾಧ್ಯವಾದ್ರೆ ಒಂದು ರಾತ್ರಿ ಉಳೀರಿ. ಬೆಳಿಗ್ಗೆ ಬಂದು ಸಂಜೆ ಹೋಗೋ ಗುಂಪುಗಳು ಹೊರಟ ಮೇಲೆ ಕಾಂಪೊ ಊರಿನವರ ಕೈಗೆ ವಾಪಸ್ ಬರತ್ತೆ. ಮಕ್ಕಳು ಇಳಿಜಾರಿನಲ್ಲಿ ಚೆಂಡು ಉರುಳಿಸ್ತಾರೆ, ಅಜ್ಜಂದಿರು ಗೋಡೆಗೆ ಒರಗಿ ಹರಟ್ತಾರೆ. ಚೌಕದ ಮೇಲ್ತುದಿಯ ಕಾರಂಜಿಗೆ ಸುಮಾರು 25 ಕಿಲೋಮೀಟರ್ ಉದ್ದದ ಮಧ್ಯಯುಗದ ಸುರಂಗ ಕಾಲುವೆಗಳಿಂದ ಇವತ್ತಿಗೂ ನೀರು ಬರ್ತಾನೇ ಇದೆ. ಒಂಬತ್ತು ಜನರ ಸರ್ಕಾರ ಬಿದ್ದು ಆರುನೂರು ಚಿಲ್ಲರೆ ವರ್ಷ ಆಯ್ತು, ಅವರ ಒಂಬತ್ತು ಪಾಲಿನ ಚೌಕದ ಮೇಲೆ ಊರು ಇನ್ನೂ ಕೂತು ಮಾತಾಡತ್ತೆ.